ಒಂದೇ ಸಲ ಕೇಳುವ ಮನೆ

ಶಿಕಾರಿಪುರದ ಗೊಬ್ಬರದಂಗಡಿ ನಾಗರಾಜಪ್ಪನವರು ತೊಂಬತ್ತಾರರ ಬೇಸಿಗೆಯಲ್ಲಿ ಸಿಂಗಪುರಕ್ಕೆ ಹೋಗಿಬಂದರು. ಹೋಗುವಾಗ ಅವರಿಗಿಂತ ಮೊದಲು ಅವರ ಹೊಟ್ಟೆ ಬಸ್ಸು ಹತ್ತಿತ್ತು. ಬರುವಾಗ ಪ್ಯಾಂಟು ಜಾರದಿರಲೆಂದು ಬೆಲ್ಟಿಗೆ ಹೊಸ ತೂತು ಹೊಡೆಸಿಕೊಂಡಿದ್ದರು. ಹೆಚ್ಚು ಗೊಬ್ಬರ ಮಾರಿದ ವ್ಯಾಪಾರಿಗಳನ್ನು ಕಂಪನಿಯವರೇ ಖರ್ಚು ಹಾಕಿ ಕರೆದುಕೊಂಡು ಹೋಗಿದ್ದ ಪ್ರವಾಸ ಅದು. ಶಿಕಾರಿಪುರದಿಂದ ಸಿಂಗಪುರ ಕಂಡವರಲ್ಲಿ ತಾವೇ ಮೊದಲಿಗರು ಎಂದು ಅವರು ಹೇಳಿಕೊಂಡರು. ಅಲ್ಲ ಎನ್ನುವುದಕ್ಕೆ ಯಾರ ಹತ್ತಿರವೂ ಆಧಾರವಿರಲಿಲ್ಲವಾದ್ದರಿಂದ ಅವರೇ ಮೊದಲಿಗರಾದರು.

"ಏನ್ರಿ, ಹಿಂಗೆ ಸೊರಗಿದೀರಿ?" ಎಂದು ಅಂಗಡಿಗೆ ಬಂದವರು ಕೇಳಿದರೆ, "ಅಲ್ಲಿ ಊಟ ಹಿತಮಿತ ಕಣ್ರಿ. ನಮ್ಮಂಗೆ ಗಂಟಲಿಗೆ ತುರುಕಲ್ಲ" ಎನ್ನುತ್ತಿದ್ದರು.

ತುರುಕಲಿಲ್ಲ ಎಂಬುದು ಮಾತ್ರ ಅಪ್ಪಟ ಸತ್ಯ. ಮದ್ರಾಸಿನಲ್ಲಿ ಹತ್ತಿದ ವಿಮಾನದಲ್ಲೇ ಅದು ಶುರುವಾಯಿತು. ಗಗನಸಖಿ ತಳ್ಳುಗಾಡಿ ನಿಲ್ಲಿಸಿ ಊಟ ಬೇಕೇ ಎಂದು ಕೇಳಿದಳು. ಒಳ್ಳೆಯ ಮನೆತನದಲ್ಲಿ ಬೆಳೆದವರು ಏನು ಮಾಡಬೇಕೋ ನಾಗರಾಜಪ್ಪ ಅದನ್ನೇ ಮಾಡಿದರು. ನಸುನಕ್ಕು, ತಲೆಯಾಡಿಸಿ, "ನೋ, ನೋ" ಎಂದರು. ನಮ್ಮ ಕಡೆ ಊಟಕ್ಕೆ ಕರೆದಾಗ ಮೊದಲ ಸಲವೇ ಹೂಂ ಅನ್ನುವವನು ಮೂರು ದಿನದಿಂದ ಅನ್ನ ಕಂಡಿಲ್ಲದವನು ಎಂದು ಲೆಕ್ಕ. ಮೊದಲು ಬೇಡ ಅನ್ನಬೇಕು, ಅವರು ಒತ್ತಾಯ ಮಾಡಬೇಕು, ಮತ್ತೆ ಬೇಡ ಅನ್ನಬೇಕು, ಆಮೇಲೆ ಅವರ ಮನಸ್ಸು ನೋಯಿಸಬಾರದಲ್ಲ ಎಂದು ಕೈ ತೊಳೆಯಬೇಕು. ಆ ಹುಡುಗಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಆಕೆಯೂ ನಸುನಕ್ಕು ಗಾಡಿ ಮುಂದಕ್ಕೆ ತಳ್ಳಿದಳು. ಗಾಡಿ ಪರದೆಯ ಹಿಂದೆ ಮರೆಯಾಗುವ ತನಕ ನಾಗರಾಜಪ್ಪ ಕತ್ತು ಹೊರಳಿಸಿ ನೋಡುತ್ತಲೇ ಇದ್ದರು.

ಸಿಂಗಪುರದ ತಮಿಳರ ಹೋಟೆಲಿನಲ್ಲಾದರೂ ಬಾಳೆಲೆ ಹಾಸಿದರು, ಸಾರು ಅನ್ನ ಬಡಿಸಿದರು. ಬಡಿಸುವವನು ಎರಡನೇ ಸುತ್ತು ಬಂದಾಗ ನಾಗರಾಜಪ್ಪ ಸಂಭಾವಿತರಾಗಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದು ಸಾಕು ಸಾಕು ಎಂದರು. ಅವನು ಬಿಲ್ಲು ತಂದಿಟ್ಟ. ಕಂಪನಿಯ ಅಲ್ಲಿನ ಏಜೆಂಟರ ಮನೆಯಲ್ಲಿ, ಇವರಿಗಾಗಿಯೇ ಸೊಪ್ಪು ತರಕಾರಿ ಬೇಯಿಸಿದ್ದ ಚೀನೀ ಹೆಂಗಸು "ಮೋರ್?" ಎಂದಳು. ಇವರು "ನೋ" ಎಂದರು. ಅವಳು "ಓಕೆ" ಎಂದು ಪಾತ್ರೆ ಎತ್ತಿಕೊಂಡು ಹೋದಳು. ಓಕೆ ಎನ್ನುವುದು ಇಷ್ಟು ಕ್ರೂರವಾದ ಮಾತು ಎಂದು ನಾಗರಾಜಪ್ಪನಿಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಜೊತೆಗಿದ್ದ ದಾವಣಗೆರೆಯ ವ್ಯಾಪಾರಿ ಮೊದಲ ದಿನವೇ ಮಾನ ಮರ್ಯಾದೆ ಬದಿಗಿಟ್ಟು "ಎಸ್, ಎಸ್" ಅನ್ನುವುದನ್ನು ಕಲಿತ. ಅವನು ದಪ್ಪಗಾಗಿ ಬಂದ.

ಹೆಂಡತಿ ರಾಜೇಶ್ವರಮ್ಮ ಕಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿ ಸೂಟ್‌ಕೇಸಿನಲ್ಲಿಟ್ಟಿದ್ದರು. "ಸಿಂಗಪುರದಾಗೆ ರೊಟ್ಟಿ ಗಂಟು ಬಿಚ್ಚಿ ಕುಂತ್ಕಳ್ಳಾ?" ಎಂದು ಗಂಟನ್ನು ಹೊರಗೆ ತೆಗೆದಿಟ್ಟು ಹೋದವರು ಇದೇ ನಾಗರಾಜಪ್ಪ. ಹೋಟೆಲಿನ ಮೆತ್ತನೆಯ ಹಾಸಿಗೆಯಲ್ಲಿ ಮಲಗಿ ಅವರು ಆ ಗಂಟನ್ನು ನೆನೆಯದ ದಿನವಿಲ್ಲ.

ಹಸಿದು ಬಂದೆ ಎಂದು ಊರಲ್ಲಿ ಹೇಳುವಂತಿಲ್ಲ. ಆದ್ದರಿಂದ ಬರುವ ದಾರಿಯಲ್ಲೇ ಅವರು ತಮ್ಮ ಹಸಿವಿಗೆ ನಾಗರಿಕತೆ ಎಂದು ಹೆಸರಿಟ್ಟರು. ಮನೆಗೆ ಬಂದು ಕಾಲು ತೊಳೆದವರೇ ಕಾನೂನು ಹೊರಡಿಸಿದರು. "ಇನ್ಮೇಲೆ ನಮ್ಮನೇಲಿ ಯಾರ್ನೂ ಒಂದೇ ಸಲ ಕೇಳೋದು. ಬೇಕಂದ್ರೆ ಹಾಕೋದು, ಬೇಡಂದ್ರೆ ಬಿಡೋದು. ಮುಂದುವರಿದ ದೇಶದೋರು ಹಂಗೇ ಮಾಡದು."

"ಬಂದೋರು ಎಂತ ಅನ್ಕಂತಾರೆ ರೀ?" ಎಂದರು ರಾಜೇಶ್ವರಮ್ಮ.

"ಅನ್ಕಳ್ಳಿ. ಕಲ್ತ್ಕಂತಾರೆ."

ಊರು ಬೇಗ ಕಲಿಯಿತು. ಪಕ್ಕದ ಮನೆಯವರು ಬಂದು, ಕಾಫಿಗೆ "ಈಗ್ ಬೇಡ ಬಿಡ್ರಿ" ಎಂದು, ಕಾಫಿಯಿಲ್ಲದೆ ಎದ್ದು ಹೋದರು. ಮರುದಿನದಿಂದ ಅವರು ಬರುವುದನ್ನೇ ಬಿಟ್ಟರು. ಮನೆಯಲ್ಲಿ ಶಾಂತಿ ನೆಲೆಸಿತು ಎಂದು ನಾಗರಾಜಪ್ಪ ತಿಳಿದರು.

ಇಂಥ ಹೊತ್ತಿನಲ್ಲಿ ಸೊರಬದ ಕಡೆಯ ಹೊಸಬಾಳೆಯಿಂದ ಬೀಗರಾಗುವವರು ಮಾತುಕತೆಗೆ ಬಂದರು. ಮಗಳು ಗಂಗಾಶ್ರೀಯನ್ನು ಹುಡುಗ ರೇಣುಕಾಪ್ರಸಾದ್ ಯುಗಾದಿಗೂ ಮೊದಲೇ ನೋಡಿಹೋಗಿದ್ದ. ಬಿ.ಎಸ್ಸಿ. ಮುಗಿಸಿ ಭತ್ತ, ಶುಂಠಿ ಬೆಳೆಯುತ್ತಿದ್ದ ಹುಡುಗ. ಅವನು ಒಪ್ಪಿದ್ದ, ಅವಳೂ ಒಪ್ಪಿದ್ದಳು. ಆಮೇಲಿನಿಂದ ಗಂಗಾಶ್ರೀ ಸುಮ್ಮಸುಮ್ಮನೆ ಹಾಡು ಗುನುಗುತ್ತಿದ್ದುದು ಅಮ್ಮನಿಗೆ ಗೊತ್ತಿತ್ತು. ಇನ್ನು ಉಳಿದದ್ದು ಹುಡುಗನ ಅಜ್ಜಿ ಬಸಕ್ಕ ಬಂದು ಉಂಡು ಹೂಂ ಎನ್ನುವುದು. ಆ ಮನೆಯಲ್ಲಿ ಹುಡುಗನ ಅಪ್ಪ ಸುಬ್ಬಪ್ಪ ಯಜಮಾನ ಎಂದು ಹೆಸರು, ನಡೆಯುವುದು ಬಸಕ್ಕನ ಮಾತು.

ರಾಜೇಶ್ವರಮ್ಮ ಬೆಳಗಿನ ಜಾವವೇ ಎದ್ದು ಹೂರಣ ರುಬ್ಬಿದರು. ಹೋಳಿಗೆ, ಎಣ್ಣೆಗಾಯಿ, ಕೋಸಂಬರಿ, ಹಪ್ಪಳ, ಒಂದೂ ಬಿಡಲಿಲ್ಲ. "ಇವತ್ತೊಂದು ದಿನ ನಿಮ್ಮ ಸಿಂಗಪುರ ಬದಿಗಿಡ್ರೀ" ಎಂದು ಬೇಡಿಕೊಂಡರು. ನಾಗರಾಜಪ್ಪ ಬಡಿಸುವ ಕೆಲಸವನ್ನು ತಾವೇ ವಹಿಸಿಕೊಂಡರು.

ಬಂದವರೆಲ್ಲ ಎಲೆ ಮುಂದೆ ಕುಳಿತರು. ನಾಗರಾಜಪ್ಪ ಕೈಮುಗಿದು ಚಿಕ್ಕದೊಂದು ಭಾಷಣ ಮಾಡಿದರು: "ನಮ್ಮನೇಲಿ ಒತ್ತಾಯ ಇಲ್ಲ. ಯಾರೂ ಸಂಕೋಚ ಮಾಡ್ಕಬೇಡಿ, ಬೇಕಾದ್ದು ಕೇಳಿ ಹಾಕಿಸ್ಕಳಿ." ಹೆಣ್ಣಿನ ಮನೆಯಲ್ಲಿ ಗಂಡಿನ ಕಡೆಯವರು ಬಾಯಿಬಿಟ್ಟು ಹೋಳಿಗೆ ಕೇಳುವುದೇ? ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಂದೊಂದು ಹೋಳಿಗೆ ಆಯಿತು. ನಾಗರಾಜಪ್ಪ ಬುಟ್ಟಿ ಹಿಡಿದು ಬಸಕ್ಕನ ಮುಂದೆ ಬಂದು "ಇನ್ನೊಂದು ಹಾಕ್ಲಾ ಅಮ್ಮ?" ಎಂದರು.

ಬಸಕ್ಕ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು ಮೈ ಬಾಗಿಸಿ, "ಸಾಕಪ್ಪ, ಸಾಕು" ಎಂದರು.

"ಸರಿ" ಎಂದು ನಾಗರಾಜಪ್ಪ ಮುಂದೆ ಹೋದರು.

ಬಸಕ್ಕನ ಕೈ ಹಾಗೇ ಇತ್ತು. ಈಗ ತಿರುಗಿ ಬರುತ್ತಾರೆ, ಬೆರಳ ಸಂದಿಯಲ್ಲಿ ಹೋಳಿಗೆ ಜಾರಿಸುತ್ತಾರೆ, ತಾವು ಅಯ್ಯೋ ಅನ್ನಬೇಕು ಎಂದು ಎಪ್ಪತ್ತು ದಾಟಿದ ಆ ಜೀವ ಕಾಯಿತು. ಯಾರೂ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೈಗಳನ್ನು ಮೆಲ್ಲಗೆ ತೊಡೆಯ ಮೇಲೆ ಇಟ್ಟುಕೊಂಡರು. ಹಿರಿಯರೇ ಬೇಡ ಎಂದ ಮೇಲೆ ಸಾಲಿನಲ್ಲಿದ್ದ ಯಾರು ತಾನೆ ಬೇಕು ಎಂದಾರು? ಸುಬ್ಬಪ್ಪ ಬೇಡ ಎಂದರು, ಅವರ ಹೆಂಡತಿ ಬೇಡ ಎಂದರು, ಹಸಿದಿದ್ದ ರೇಣುಕಾಪ್ರಸಾದನೂ ಬೇಡ ಎಂದ. ರಾಜೇಶ್ವರಮ್ಮ ತುಪ್ಪದ ಗಿಂಡಿ ಹಿಡಿದು ಬಾಗಿಲಿಗೆ ಬಂದರೆ ಗಂಡ ಕಣ್ಣಲ್ಲೇ ತಡೆದರು. ಹೋಳಿಗೆ ಬುಟ್ಟಿ ಹೋದ ಹಾಗೇ ಒಳಗೆ ವಾಪಸು ಬಂತು. ಒಳಗಿದ್ದ ಗಂಗಾಶ್ರೀ ಆ ಬುಟ್ಟಿಯನ್ನು ನೋಡಿ ಗೋಡೆಗೆ ಒರಗಿ ನಿಂತಳು.

ಕೈತೊಳೆದ ಮೇಲೆ ನಾಗರಾಜಪ್ಪ ಎಲೆಅಡಿಕೆ ತಟ್ಟೆ ಮುಂದಿಟ್ಟು, "ನಮ್ಮ ಹುಡುಗಿ ನಿಮಗೆ ಒಪ್ಪಿಗೆನಾ?" ಎಂದು ಕೇಳಿದರು.

"ಊರಿಗೆ ಹೋಗಿ ಹೇಳಿ ಕಳಸ್ತೀವಿ" ಎಂದರು ಬಸಕ್ಕ.

"ಸರಿ" ಎಂದರು ನಾಗರಾಜಪ್ಪ. ಅಷ್ಟೇ. ಮಾತುಕತೆ ಇಷ್ಟು ಬೇಗ, ಇಷ್ಟು ಅಚ್ಚುಕಟ್ಟಾಗಿ ಮುಗಿದದ್ದಕ್ಕೆ ಅವರಿಗೆ ಬಹಳ ಸಂತೋಷವಾಯಿತು.

ಸಂಜೆ ರಾಜೇಶ್ವರಮ್ಮನ ತಮ್ಮ ಸಂಗಮೇಶ್ ಶಿರಾಳಕೊಪ್ಪದಿಂದ ಬಂದವನು ಚಪ್ಪಲಿ ಬಿಡುವುದರೊಳಗೇ ಕೇಳಿದ. "ಭಾವ, ಬೀಗರಿಗೆ ಊಟ ಹಾಕಿದ್ರಾ ಇಲ್ವಾ?"

"ಯಾಕೋ?"

"ಶಿರಾಳಕೊಪ್ಪ ಬಸ್‌ಸ್ಟ್ಯಾಂಡಲ್ಲಿ ಮಂಡಕ್ಕಿ ಮಿರ್ಚಿ ಅಂಗಡಿ ಬೆಂಚ್ ಮೇಲೆ ಸಾಲಾಗಿ ಕುಂತಿದ್ರು. ಬಾಣಲೆಯಿಂದ ತೆಗೆದ ಮಿರ್ಚಿ ತಟ್ಟೆಗೆ ಬೀಳಾಕೂ ಬಿಡ್ತಿರಲಿಲ್ಲ. ಆ ಅಜ್ಜಿ ಸೆರಗಲ್ಲಿ ಬಾಯಿ ಒರೆಸ್ಕಂತ ಹೇಳ್ತಿದ್ರು, 'ಅವ್ರಿಗೆ ಸಂಬಂಧ ಇಷ್ಟ ಇಲ್ಲ ಬಿಡ್ರೋ. ಮನಸ್ಸಿದ್ದೋರು ಕೈ ಸರಿಸಿ ಬಡಿಸ್ತಾರೆ' ಅಂತ. ನಂಗೆ ಮುಖ ತೋರ್ಸಾಕಾಗದೆ ಬಸ್ ಹಿಂದೆ ನಿಂತ್ಕಂಡೆ."

ನಾಗರಾಜಪ್ಪ ನಕ್ಕರು. "ಹಳ್ಳಿ ಜನ. ತಿಳುವಳಿಕೆ ಸಾಲದು."

ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು, ಹೊಸಬಾಳೆಯಿಂದ ಯಾರೂ ಹೇಳಿ ಕಳಿಸಲಿಲ್ಲ. "ನೀವೇ ಹೋಗಿ ಕೇಳ್ರೀ" ಎಂದರು ರಾಜೇಶ್ವರಮ್ಮ. ಒಂದು ಸಲ ಕೇಳಿ ಆಗಿದೆಯಲ್ಲ ಎಂದರು ನಾಗರಾಜಪ್ಪ. ಕಡೆಗೆ ಅಂಗಡಿಗೆ ಗೊಬ್ಬರಕ್ಕೆ ಬಂದ ಸೊರಬದ ರೈತರೊಬ್ಬರು, ರೇಣುಕಾಪ್ರಸಾದನಿಗೆ ಆನವಟ್ಟಿ ಕಡೆ ಹೆಣ್ಣು ನೋಡುತ್ತಿದ್ದಾರೆ ಎಂದು ಯಾವುದೋ ಮಾತಿನ ನಡುವೆ ಹೇಳಿಹೋದರು.

ಅವತ್ತು ಊಟಕ್ಕೆ ಕುಳಿತಾಗ ಗಂಗಾಶ್ರೀಗೂ ಆ ಸುದ್ದಿ ಗೊತ್ತಾಗಿತ್ತು. ತಟ್ಟೆಯಲ್ಲಿದ್ದದ್ದನ್ನು ಕಲಸುತ್ತ ಕುಳಿತಿದ್ದಳು. ನಾಗರಾಜಪ್ಪ ಅನ್ನದ ಪಾತ್ರೆ ಅವಳತ್ತ ಸರಿಸಿ "ಹಾಕ್ಲೇನಮ್ಮ?" ಎಂದರು.

"ಬೇಡ ಅಪ್ಪಾಜಿ."

ಅವರು ಪಾತ್ರೆ ಹಿಂದಕ್ಕೆ ಎಳೆದುಕೊಂಡರು. ಅಭ್ಯಾಸಬಲ.

ಗಂಗಾಶ್ರೀ ಕೈ ನಿಲ್ಲಿಸಿದಳು. ದನಿ ಏರಿಸಲಿಲ್ಲ. "ನಂಗೆ ಹಸಿವಾಗೈತೆ ಅಪ್ಪಾಜಿ. ಇನ್ನೊಂದ್ಸಲ ಕೇಳ್ತೀರೇನೋ ಅಂತ ನೋಡಿದೆ. ಅವ್ರನ್ನೂ ನೀವು ಹಿಂಗೇ ಒಂದ್ಸಲ ಕೇಳಿ ಬಿಟ್ರಿ. ನನಗೆ ಆ ಹುಡುಗ ಇಷ್ಟ ಇದ್ದ. ನಿಮಗೆ ಸಿಂಗಪುರ ಇಷ್ಟ ಆಯ್ತು." ಎದ್ದು ಹೋಗಿ ಕೈ ತೊಳೆದಳು.

ನಾಗರಾಜಪ್ಪ ತಾವು ಹಿಂದಕ್ಕೆ ಎಳೆದುಕೊಂಡ ಪಾತ್ರೆಯನ್ನು ನೋಡಿದರು. ವಿಮಾನದ ಪರದೆ, ಮರೆಯಾದ ಗಾಡಿ, ಓಕೆ ಎಂದ ಹೆಂಗಸು ಎಲ್ಲ ನೆನಪಿಗೆ ಬಂತು. ತಾವು ಅಲ್ಲಿ ಕತ್ತು ಹೊರಳಿಸಿ ಕಾದ ಹಾಗೆಯೇ ಬಸಕ್ಕ ಇಲ್ಲಿ ಕೈ ಅಡ್ಡ ಹಿಡಿದು ಕಾದಿದ್ದರು ಎಂಬುದು ಹೊಳೆದು ಅವರಿಗೆ ನಿಜಕ್ಕೂ ನಾಚಿಕೆಯಾಯಿತು.

ಮರುದಿನ ಬೆಳಿಗ್ಗೆ ಹೊಸಬಾಳೆಗೆ ಹೊರಟರು. "ತಿಂಡಿ ತಿಂತೀರಾ?" ಎಂದರು ರಾಜೇಶ್ವರಮ್ಮ. "ಬೇಡ" ಎಂದರು ಇವರು, ಮುಖ ಊದಿಸಿಕೊಂಡು. "ಸರಿ" ಎಂದು ರಾಜೇಶ್ವರಮ್ಮ ದೋಸೆ ಹಂಚನ್ನು ಒಲೆಯಿಂದ ಇಳಿಸಿಬಿಟ್ಟರು. ಶಿರಾಳಕೊಪ್ಪದಲ್ಲಿ ಬಸ್ಸು ನಿಂತಾಗ ಮಿರ್ಚಿಯ ಘಮ ಕಿಟಕಿಯೊಳಗೆ ನುಗ್ಗಿತು. ಆ ಬೆಂಚಿನ ಮೇಲೆ ಬಸಕ್ಕ ಕುಳಿತಿದ್ದರಲ್ಲ ಎಂದು ನೆನೆದು ನಾಗರಾಜಪ್ಪ ಇಳಿಯಲಿಲ್ಲ.

ಹೊಸಬಾಳೆಯ ಮನೆಯಲ್ಲಿ ಊಟದ ಹೊತ್ತು. ಒಳಗೆ ಯಾರೋ ರೊಟ್ಟಿ ತಟ್ಟುತ್ತಿದ್ದ ಸದ್ದು ಕೇಳುತ್ತಿತ್ತು. ಬಸಕ್ಕ ಚಾಪೆ ಹಾಸಿ, ನೀರು ಕೊಟ್ಟು, "ಊಟ ಮಾಡ್ತೀರಾ?" ಎಂದರು.

"ಬೇಡಮ್ಮ, ಆಗೈತೆ" ಎಂದಿತು ನಾಗರಾಜಪ್ಪನ ಬಾಯಿ, ಅವರನ್ನು ಒಂದು ಮಾತೂ ಕೇಳದೆ.

"ಸರಿ" ಎಂದರು ಬಸಕ್ಕ.

ಸುಬ್ಬಪ್ಪ ಗಾಬರಿಯಾಗಿ, "ಎಂತ ಅವ್ವ, ಇನ್ನೊಂದು ಮಾತು..." ಎಂದು ಎದ್ದರು.

"ನೀನು ಸುಮ್ನಿರು. ಅವ್ರು ಒಂದೇ ಸಲ ಕೇಳೋ ಮನೆಯೋರು. ಅವ್ರ ಪದ್ಧತಿ ನಾವು ಕೆಡಿಸಬಾರದು."

ಮನೆಯವರೆಲ್ಲ ಸಾಲಾಗಿ ಉಣ್ಣಲು ಕುಳಿತರು. ನಾಗರಾಜಪ್ಪ ಚಾಪೆಯ ಮೇಲೆ ಕುಳಿತು ಗೋಡೆಯ ಕ್ಯಾಲೆಂಡರನ್ನು ಬಲು ಆಸಕ್ತಿಯಿಂದ ಓದತೊಡಗಿದರು. ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ, ಬೆಣ್ಣೆ. ಸಿಂಗಪುರದಲ್ಲಾದರೂ ಊಟದ ವಾಸನೆ ಗುರುತಿನದ್ದಾಗಿರಲಿಲ್ಲ. ಅವರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಸದ್ದು ಮಾಡಿತು.

"ಅಮ್ಮ," ಎಂದರು ಅವರು ಕ್ಯಾಲೆಂಡರಿನಿಂದ ಕಣ್ಣು ತೆಗೆಯದೆ, "ನಾನು ಊಟ ಮಾಡಿಲ್ಲ. ಬೆಳಗಿಂದ ಏನೂ ತಿಂದಿಲ್ಲ. ಸಿಂಗಪುರದಲ್ಲೂ ತಿಂದಿಲ್ಲ. ಅವ್ರು ಒಂದ್ಸಲ ಕೇಳೋರು, ನಾನು ಬೇಡ ಅನ್ನೋನು, ಅವ್ರು ಹೋಗೋರು. ಅಲ್ಲಿದ್ದಷ್ಟು ದಿನವೂ ಹಸ್ಕಂಡೇ ಇದ್ದೆ. ಊರಲ್ಲಿ ಹೇಳಕೆ ನಾಚಿಕೆಯಾಗಿ ಅದನ್ನೇ ದೊಡ್ಡಸ್ತಿಕೆ ಮಾಡ್ಕಂಡೆ. ನಿಮ್ಮನ್ನೂ ಹಂಗೇ ಹಸಿದು ಕಳಿಸಿಬಿಟ್ಟೆ. ನನಗೆ ಹಸಿವಾಗೈತೆ. ಬಡಿಸಿ."

ಬಸಕ್ಕ ನಗಲಿಲ್ಲ. ಹಸಿವಿನ ಮಾತಿಗೆ ಅವರು ನಗುವವರಲ್ಲ. ಎದ್ದು ತಟ್ಟೆ ತಂದು ಅವರ ಮುಂದಿಟ್ಟರು. ನಾಗರಾಜಪ್ಪ ಮೊದಲ ರೊಟ್ಟಿಯನ್ನು ತಲೆ ಎತ್ತದೆ ತಿಂದರು. ಎರಡನೆಯದು ಅರ್ಧ ಮುಗಿದ ಮೇಲೆ, ಬಂದ ಕೆಲಸ ನೆನಪಾಗಿ, "ನಮ್ಮ ಗಂಗಾಶ್ರೀನ ನಿಮ್ಮನೆಗೆ ತಗಳಿ ಅಮ್ಮ" ಎಂದರು.

"ಆನವಟ್ಟಿಯೋರಿಗೆ ಬರಕ್ಕೆ ಹೇಳಿ ಆಗಿದೆಯಲ್ಲ" ಎಂದರು ಬಸಕ್ಕ.

ಸರಿ ಎನ್ನುವ ಮಾತು ನಾಗರಾಜಪ್ಪನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ಅದನ್ನು ರೊಟ್ಟಿಯ ಜೊತೆಗೆ ನುಂಗಿದರು. "ಹೇಳಿದ್ರೆ ಹೇಳ್ಕಳಿ. ನನ್ನ ಮಗಳಿಗೆ ನಿಮ್ಮ ಹುಡುಗನೇ ಬೇಕಂತೆ. ತಗಳಿ ಅಮ್ಮ."

"ನೋಡೋಣ."

"ನೋಡೋದಲ್ಲ ಅಮ್ಮ. ನನ್ನಾಣೆ. ಇಲ್ಲ ಅನ್ನಬೇಡಿ."

ಬಸಕ್ಕ ಉಣ್ಣುತ್ತ ಕುಳಿತಿದ್ದ ಮೊಮ್ಮಗನತ್ತ ತಿರುಗಿದರು. ರೇಣುಕಾಪ್ರಸಾದ್ ತಟ್ಟೆ ನೋಡುತ್ತ, "ನಾನು ಅವತ್ತೇ ಒಪ್ಪಿಗೆ ಅಂದಿದ್ನಲ್ಲ ಅಜ್ಜಿ. ನೀವೇ ಮಿರ್ಚಿ ತಿಂದು ಬೇಡ ಅಂದಿದ್ದು" ಎಂದ.

ಬಸಕ್ಕ ಬುಟ್ಟಿಯಿಂದ ಇನ್ನೊಂದು ಬಿಸಿ ರೊಟ್ಟಿ ತೆಗೆದುಕೊಂಡು ನಾಗರಾಜಪ್ಪನ ಮುಂದೆ ಬಾಗಿದರು.

"ಸಾಕಮ್ಮ, ಸಾಕು" ಎಂದು ನಾಗರಾಜಪ್ಪನ ಅಂಗೈ ತಾನಾಗಿ ತಟ್ಟೆಗೆ ಅಡ್ಡ ಹೋಯಿತು. ಕೈ ಹಿಂದಕ್ಕೆ ತೆಗೆದುಕೊಳ್ಳುವ ಹಾಗೂ ಇಲ್ಲ, ಇಟ್ಟುಕೊಳ್ಳುವ ಹಾಗೂ ಇಲ್ಲ.

ಬಸಕ್ಕ ಆ ಕೈಯನ್ನು ಒಂದು ಗಳಿಗೆ ನೋಡಿದರು. ಆಮೇಲೆ ಮಣಿಕಟ್ಟು ಹಿಡಿದು ಅದನ್ನು ಪಕ್ಕಕ್ಕೆ ಸರಿಸಿ, ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟು, "ತಿನ್ನಿ ಬೀಗರೇ" ಎಂದರು.