ಕ್ರೇನು ಗಾಜು ಹೊತ್ತ ದಿನ

ಆಸ್ಪತ್ರೆಯ ಹೆರಿಗೆ ವಿಭಾಗದ ದೊಡ್ಡ ಕಿಟಕಿಯನ್ನು ಗಾಳಿ ಒಂದೇ ದಿನದಲ್ಲಿ ಎರಡು ಸಲ ಬಯಲು ಮಾಡಿತು. ಬೆಳಿಗ್ಗೆ ಗಾಜು ಒಡೆಯಿತು. ಆ ಜಾಗಕ್ಕೆ ಹೊಡೆದಿದ್ದ ಪ್ಲೈವುಡ್ ಹಲಗೆಯನ್ನು ಮಧ್ಯಾಹ್ನ ಮೊಳೆಯ ಸಮೇತ ಕಿತ್ತು ಹೊರಗಿನ ಸೈಕಲ್ ಸ್ಟ್ಯಾಂಡಿನ ಮೇಲೆ ಎಸೆಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಕೋಣೆಯಲ್ಲಿದ್ದ ಕೂಸುಗಳನ್ನೆಲ್ಲ ತೊಟ್ಟಿಲ ಸಹಿತ ಕಾರಿಡಾರಿಗೆ ತರಬೇಕಾಯಿತು.

ಹೆಡ್ ನರ್ಸು ಗಾಜಿನ ಅಂಗಡಿಗೆ ಫೋನು ಮಾಡಿದಾಗ ಎತ್ತಿಕೊಂಡವನು ಅಂಗಡಿಯ ಅಳಿಯ.

"ಸಂಜೆಗೆ ಗಾಳಿ ಇನ್ನೂ ಜಾಸ್ತಿಯಂತೆ. ಕತ್ತಲಾಗೋದ್ರೊಳಗೆ ಗಾಜು ಕೂರಿಸಿಕೊಡಿ. ಕೂಸುಗಳ ಪಕ್ಕದಲ್ಲೇ ಕೆಮ್ಮೋರ ಸಾಲು ಇದೆ, ನಾನು ಎಷ್ಟು ಹೊತ್ತು ಬಾಗಿಲು ಕಾಯ್ಲಿ?" ಎಂದರು ನರ್ಸು. ಆಮೇಲೆ ದನಿ ತಗ್ಗಿಸಿ, "ನಿಮ್ಮದೂ ಅಲ್ಲೇ ಇದೆ" ಎಂದರು.

ಅವನ ಮಗಳು ಹುಟ್ಟಿ ಒಂದು ದಿನವಾಗಿತ್ತು. ಡಾಕ್ಟರು ಹೇಳಿದ್ದ ದಿನಕ್ಕಿಂತ ಮೊದಲೇ ಬಂದಿದ್ದ, ಅವನ ಒಂದೇ ಅಂಗೈಯಲ್ಲಿ ಹಿಡಿಸುವಷ್ಟು ಮಗು. ಅಂಗೈ ದೊಡ್ಡದು ಎನ್ನುವುದೂ ನಿಜ. ಬೀದಿಯವರು ಅವನನ್ನು ಕರೆಯುತ್ತಿದ್ದುದು ಕ್ರೇನು ಎಂದು. ಮದುವೆಗೆ ಮುಂಚೆ ಗೋದಾಮಿನಲ್ಲಿ ಮೂಟೆ ಹೊರುತ್ತಿದ್ದ. ಕೆಟ್ಟು ನಿಂತ ಮೋಟರ್ ಸೈಕಲ್ಲನ್ನು ಎತ್ತಿ ಪಕ್ಕಕ್ಕಿಟ್ಟು, ಏನೂ ಆಗಿಲ್ಲವೆಂಬಂತೆ ಕೈ ಒರೆಸಿಕೊಂಡು ಹೋಗುವವನು.

ಗಾಜಿನ ಅಂಗಡಿಯಲ್ಲಿ ಮಾತ್ರ ಈ ಬಲ ಅವನಿಗೆ ಶತ್ರುವಾಗಿತ್ತು. ಚಿಕ್ಕ ಗಾಜು ಅವನ ಕೈಯಲ್ಲಿ ಎಂದೂ ಒಡೆದಿರಲಿಲ್ಲ. ಇಬ್ಬರು ಹಿಡಿಯುವ ದೊಡ್ಡ ಗಾಜುಗಳೇ ಒಡೆಯುತ್ತಿದ್ದವು. ಪ್ರತಿ ಸಲವೂ ಅವನು, ತಾನು ಸಾಕಷ್ಟು ಗಟ್ಟಿಯಾಗಿ ಹಿಡಿಯದಿದ್ದದ್ದೇ ತಪ್ಪು ಎಂದುಕೊಳ್ಳುತ್ತಿದ್ದ. ಕಾರಣ ಅದರ ತದ್ವಿರುದ್ಧ. ಗಾಳಿ ತಳ್ಳಿದಾಗ ಮುಂದಿನವರು ಒಂದಿಷ್ಟು ಬಾಗುತ್ತಾರೆ. ಹಿಂದಿರುವ ಇವನು ಬಾಗುವುದಿಲ್ಲ. ನಡುವಿನ ಗಾಜು ತಿರುಚಿಕೊಳ್ಳುತ್ತದೆ. ಗಾಜು ಒಂದಷ್ಟು ಬಗ್ಗುವುದನ್ನು ತಾಳುತ್ತದೆ, ತಿರುಚುವುದನ್ನು ತಾಳುವುದಿಲ್ಲ. ಅತ್ತೆ ಇದನ್ನು ಬಿಡಿಸಿ ಹೇಳಿದ್ದಳು. ಅವನು ತಲೆಯಾಡಿಸಿ, ಮುಂದಿನ ಸಲ ಇನ್ನೂ ಗಟ್ಟಿಯಾಗಿ ಹಿಡಿದಿದ್ದ.

ಅತ್ತೆಯನ್ನು ಊರೆಲ್ಲ ಗಾಜಿನಮ್ಮ ಎನ್ನುತ್ತಿತ್ತು. ಸಣಕಲು ದೇಹ, ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಹಿಂದೆ ಪೆನ್ಸಿಲ್ಲು. ಗಂಡ ತೀರಿಕೊಂಡ ಮೇಲೂ ಅಂಗಡಿಯನ್ನು ಒಂದು ದಿನ ಮುಚ್ಚದೆ ನಡೆಸಿದವಳು. ಅಳಿಯ ಫೋನಿಟ್ಟು ಸಂಗತಿ ಹೇಳಿದಾಗ ಅವಳು ನೇರವಾಗಿ ಗೋಡೆಯ ಕಡೆ ನೋಡಿದಳು. ಅಷ್ಟಗಲದ ಗಾಜು ಒಂದೇ ಉಳಿದಿತ್ತು. ಇನ್ನೊಂದು ಬರಬೇಕಾದರೆ ಕಾರ್ಖಾನೆಯಿಂದಲೇ ಬರಬೇಕು. ಅದಕ್ಕೆ ಒಂದು ವಾರ.

"ನಾಲ್ಕು ಜನರ ಕೆಲಸ ಇದು. ಕೆಲಸದ ಹುಡುಗರಿಬ್ಬರೂ ಶಾಲೆ ಕಿಟಕಿಗೆ ಹೋಗಿದಾರೆ. ಹೊಳೆ ಆಚೆ. ಸೇತುವೆ ಮುಚ್ಚಿದಾರಂತೆ" ಎಂದಳು.

"ನಾಲ್ಕು ಜನ ಯಾಕೆ? ಭಾರ ಎಷ್ಟಿದ್ದೀತು? ನಾನೊಬ್ಬನೇ ಎತ್ತಿ ನಿಲ್ಲಿಸ್ತೀನಿ."

"ಭಾರದ ಮಾತು ಯಾರು ಆಡಿದ್ರು? ಹೊರಗೆ ಹೋಗಿ ಗಾಳಿ ನೋಡ್ಕೊಂಡು ಬಾ. ಈ ಗಾಜನ್ನ ಅದಕ್ಕೆ ಅಡ್ಡ ಹಿಡಿದ್ರೆ ಹಾಯಿ ಕಟ್ಟಿದ ಹಾಗೆ. ನಿನ್ನನ್ನೂ ಸೇರಿಸಿ ಹೊತ್ಕೊಂಡು ಹೋಗುತ್ತೆ."

"ಹಾಗಂತ ಕೂತಿರೋಕಾಗುತ್ತಾ?"

"ಕೂತಿರೋಣ ಅಂದ್ನಾ? ಪಟ್ಟಿ ತಾ."

ಅವನು ಚರ್ಮದ ಪಟ್ಟಿಗಳನ್ನು ತಂದ. ಅಂಚು ಕೈ ಕೊಯ್ಯದಂತೆ ಹಿಡಿಯಲು ಅವು.

ಆ ಅಂಗಡಿಗೆ ಒಂದು ಕ್ರಮವಿತ್ತು. ದೊಡ್ಡ ಗಾಜು ಎತ್ತುವ ಮುಂಚೆ ಎತ್ತುವವರೆಲ್ಲ ಅದರ ಮೇಲೆ ಅಂಗೈಯಿಟ್ಟು ದೇವರಿಗೆ ಒಂದು ಮಾತು ಹೇಳಬೇಕು, ಅವರವರದೇ ಮಾತಿನಲ್ಲಿ. ಆಮೇಲೆ ಗಾಜು ಕೆಳಗಿಳಿಯುವವರೆಗೆ ಮುಂದೆ ನಡೆಯುವವರನ್ನು ಬಿಟ್ಟು ಯಾರೂ ತುಟಿ ಬಿಚ್ಚುವಂತಿಲ್ಲ. ಮಾತಾಡಬಾರದು ಎನ್ನುವುದಕ್ಕೆ ಗಾಜಿನಮ್ಮ ಕಾರಣ ಕೊಡುತ್ತಿದ್ದಳು: ಎರಡು ಬಾಯಿ ಇದ್ದರೆ ಎರಡು ಎಳೆತ. ಅಂಗೈ ಇಡುವುದಕ್ಕೆ ಮಾತ್ರ ಕಾರಣ ಕೊಡುತ್ತಿರಲಿಲ್ಲ.

ದೇವರ ಹತ್ತಿರ ಅವಳು ಮಾತಾಡುವ ಧಾಟಿ ಪಕ್ಕದ ಮನೆಯವರ ಹತ್ತಿರ ಏಣಿ ಕೇಳುವಂತೆ ಇರುತ್ತಿತ್ತು. "ನೋಡಪ್ಪಾ, ಇದು ನಮ್ಮಿಬ್ಬರ ಕೈಲಿ ಆಗೋ ಕೆಲಸ ಅಲ್ಲ. ನಿಂಗೆ ಗೊತ್ತಿರೋದೇ. ನೀನೂ ಬಾ" ಎಂದಳು.

ಕ್ರೇನು ಅಂಗೈಯಿಟ್ಟು, ಯಾವಾಗಲೂ ಹೇಳುವಂತೆ "ಹೂಂ" ಎಂದ.

ಗಾಜನ್ನು ವ್ಯಾನಿನ ಪಕ್ಕದ ಚೌಕಟ್ಟಿಗೆ ನಿಲ್ಲಿಸಿ ಕಟ್ಟಿದರು. ಗಾಜಿನಮ್ಮನೇ ವ್ಯಾನು ಓಡಿಸಿದಳು. ಆಸ್ಪತ್ರೆ ರಸ್ತೆಯ ತಿರುವಿನಲ್ಲಿ ಬ್ರೇಕು ಹಾಕಿದಳು. ರಸ್ತೆಗೆ ಅಡ್ಡಲಾಗಿ ಮರ ಬಿದ್ದಿತ್ತು. ಬುಡಕ್ಕೂ ರಸ್ತೆ ಬದಿಯ ಗೋಡೆಗೂ ನಡುವೆ ಮನುಷ್ಯರು ನುಸುಳುವಷ್ಟು ಸಂದು, ವ್ಯಾನು ಹೋಗುವಂತಿರಲಿಲ್ಲ. ಅಲ್ಲಿಂದ ಆಸ್ಪತ್ರೆಯ ಗೇಟು ಕಾಣುತ್ತಿತ್ತು. ದಾರಿಯ ಬಲಕ್ಕೆ ಅಂಗಡಿಗಳ ಸಾಲು, ಎಡಕ್ಕೆ ಖಾಲಿ ಸೈಟು. ಆ ಸೈಟಿನಿಂದ ಗಾಳಿ ನೇರ ರಸ್ತೆಗೆ ನುಗ್ಗುತ್ತಿತ್ತು.

ಸಾಲಿನ ಮೊದಲ ಅಂಗಡಿ ಕ್ಷೌರದ್ದು. ಕ್ಷೌರಿಕ ಬಾಗಿಲಿಗೆ ಬಂದ. ಅವನ ಹಿಂದೆ ಅರ್ಧ ಮುಖಕ್ಕೆ ಸೋಪಿನ ನೊರೆ, ಕುತ್ತಿಗೆಗೆ ಬಿಳಿ ಬಟ್ಟೆ ಸಮೇತ ನಿವೃತ್ತ ಲೆಕ್ಕದ ಮೇಷ್ಟ್ರು ಎದ್ದು ಬಂದರು. ಪಕ್ಕದ ಹೊಲಿಗೆ ಅಂಗಡಿಯ ಅಕ್ಕತಂಗಿಯರೂ ಹಣಕಿದರು.

"ಕ್ರೇನು, ಕೈ ಹಾಕ್ಲಾ?" ಎಂದ ಕ್ಷೌರಿಕ.

"ಬೇಡ, ಬೇಡ. ಹತ್ರ ಬರಬೇಡಿ. ಗೊತ್ತಿಲ್ಲದೋರು ಮುಟ್ಟಿದ್ರೆ ಇದ್ದದ್ದೂ ಹೋಗುತ್ತೆ. ನಾನೊಬ್ಬನೇ ಸಾಕು."

"ಆಯ್ತಪ್ಪ. ಕೇಳಿದ್ದೇ ತಪ್ಪು."

"ಗಾಳಿ ತಳ್ಳೋ ಬಲ ವಿಸ್ತೀರ್ಣದ ಮೇಲೆ ಹೋಗುತ್ತೆ ಕಣಯ್ಯ" ಎಂದರು ಮೇಷ್ಟ್ರು.

"ಸಾರ್, ನೀವು ಮೊದ್ಲು ಗಡ್ಡ ಮುಗಿಸ್ಕೊಳ್ಳಿ."

ಗಾಜನ್ನು ಬಿಚ್ಚಿ, ವ್ಯಾನಿನಲ್ಲಿದ್ದ ಮರದ ತುಂಡುಗಳ ಮೇಲೆ ನಿಲ್ಲಿಸಿದ ಮೇಲೆ ಗಾಜಿನಮ್ಮ ಮತ್ತೆ ಅಂಗೈಯಿಟ್ಟಳು. ಎಷ್ಟು ಸಲ ಎತ್ತಿದರೆ ಅಷ್ಟು ಸಲ, ಅದು ಕ್ರಮ.

"ಅಳಿಯಂದ್ರೇ" ಎಂದಳು. ಅವಳು ಬಹುವಚನ ಬಳಸುತ್ತಿದ್ದುದು ಕೋಪ ಬಂದಾಗ ಮಾತ್ರ. "ಈ ಸಲ ಹೂಂ ನಡೆಯಲ್ಲ."

"ಏನು ಹೇಳ್ಲಿ ಮತ್ತೆ?"

"ನಿಜ ಹೇಳು."

"ಹೆದರಿಕೆ ಆಗ್ತಿದೆ ಅಂತಾನಾ? ಇದೊಂದೇ ಗಾಜು, ಅಲ್ಲಿ ಮಗು ಇದೆ, ನಾನು ಹಿಡಿದಿದ್ದೆಲ್ಲ ಒಡೆಯುತ್ತೆ ಅಂತಾನಾ?"

"ನಂಗ್ಯಾಕೆ ಹೇಳ್ತೀಯ? ಅಲ್ಲಿ ಹೇಳು."

ಅವನು ಗಾಜಿನ ಮೇಲೆ ಕೈಯಿಟ್ಟ. ತುಟಿ ಅಲುಗಿತು. ಏನು ಹೇಳಿದನೆಂದು ಗಾಜಿನಮ್ಮನಿಗೂ ಕೇಳಲಿಲ್ಲ. ಹೂಂ ಅಲ್ಲ ಎನ್ನುವುದು ಮಾತ್ರ ಗೊತ್ತಾಯಿತು.

ಎತ್ತಿದರು. ಮುಂದೆ ಅತ್ತೆ, ಹಿಂದೆ ಅಳಿಯ. ಮರದ ಸಂದಿನಲ್ಲಿ ಗಾಜು ಸಲೀಸಾಗಿ ದಾಟಿತು. ಕ್ಷೌರದ ಅಂಗಡಿಯ ಮುಂದೆ ಬರುವಷ್ಟರಲ್ಲಿ ಸೈಟಿನ ಕಡೆಯಿಂದ ಗಾಳಿ ಬಂತು. ಮೊದಲು ಬಂದದ್ದು ಧೂಳು, ಅದರ ಹಿಂದೆ ಅದರ ಯಜಮಾನ.

"ನಿಲ್ಲು" ಎಂದಳು ಗಾಜಿನಮ್ಮ.

ಕ್ರೇನು ನಿಂತ. ನಿಂತು, ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮಾಡಿದ: ಕಾಲು ಅಗಲಿಸಿ, ಭುಜ ಬಿಗಿದು, ಗಾಳಿಗೆ ಎದುರಾಗಿ ತಳ್ಳಿದ. ಮುಂದಿನ ತುದಿ ಬಲಕ್ಕೆ ಬಾಗಿತು, ಹಿಂದಿನದು ಬಾಗಲಿಲ್ಲ. ಗಾಜಿನೊಳಗೆ ಕಾಣುತ್ತಿದ್ದ ಮೋಡ ಸೊಟ್ಟಗಾಯಿತು. ಎಲ್ಲೋ ಟಿಕ್ ಎಂದಿತು.

"ಬಿಡು" ಎಂದಳು.

ಅವನಿಗೆ ಕೇಳಿಸಿತು. ಬಿಡಲು ಆಗಲಿಲ್ಲ. ಆ ಹೊತ್ತಿಗೆ ಅಂಗಡಿ ಸಾಲಿಗೆ ಬಡಿದು ತಿರುಗಿದ ಗಾಳಿಯಲ್ಲಿ ಎಲ್ಲಿಂದಲೋ ಬಿಳಿ ಬಟ್ಟೆಯೊಂದು ಹಾರಿ ಬಂದು ಅವನ ಮುಖಕ್ಕೆ ಸುತ್ತಿಕೊಂಡಿತು. ಸೋಪಿನ ವಾಸನೆ. ಕಣ್ಣಿಗೆ ಏನೂ ಕಾಣದು; ತೆಗೆಯೋಣವೆಂದರೆ ಕೈ ಖಾಲಿಯಿಲ್ಲ; ಕೇಳೋಣವೆಂದರೆ ಮಾತಾಡುವಂತಿಲ್ಲ. ಗೋದಾಮಿನಲ್ಲಿ ಮೂಟೆ ಹೊತ್ತ ಅಷ್ಟು ವರ್ಷಗಳಲ್ಲಿ ಇಷ್ಟು ನಿಸ್ಸಹಾಯಕನಾಗಿ ಅವನು ಎಂದೂ ನಿಂತಿರಲಿಲ್ಲ.

"ಬಿಡು ಅಂದೆ" ಎಂದಿತು ಅತ್ತೆಯ ದನಿ, ಏರದೆ.

ಆಯ್ತು, ಇನ್ನು ನೀನೇ ಹಿಡ್ಕೊ, ಎಂದ ಅವನು ಮನಸ್ಸಿನಲ್ಲೇ, ಅತ್ತೆಗಲ್ಲ. ಭುಜ ಸಡಿಲಿಸಿದ. ಗಾಜು ಹೇಗೆ ವಾಲಿತೋ ಹಾಗೆ ತಾನೂ ವಾಲಿದ. ಬೀಳುವ ಸದ್ದಿಗೆ ಹಲ್ಲು ಕಚ್ಚಿ ಕಾದ.

ಸದ್ದು ಬರಲಿಲ್ಲ. ಗಾಜು ಅರ್ಧಕ್ಕೇ ವಾಲಿ ನಿಂತಿತು, ನೆಟ್ಟಗಾಯಿತು, ಕೈಗಳಲ್ಲಿ ಹಗುರಾಯಿತು.

"ನಡಿ."

ನಡೆದ. ಬಟ್ಟೆಯೊಳಗೆ ಬೆಳ್ಳಗಿನ ಬೆಳಕು ಬಿಟ್ಟರೆ ಏನೂ ಇರಲಿಲ್ಲ. ಗಾಳಿ ಕಿವಿಯಲ್ಲಿ ಗುಂಯ್ ಎನ್ನುತ್ತಲೇ ಇತ್ತು, ಆದರೆ ಗಾಜಿಗೂ ಅದಕ್ಕೂ ಸಂಬಂಧವೇ ಇಲ್ಲದಂತಿತ್ತು. "ಗುಂಡಿ ಇದೆ, ಎಡಕ್ಕೆ." ಎಡಕ್ಕೆ ಹೋದ. "ಗೇಟು. ಮೆಲ್ಲಗೆ." ಮೆಲ್ಲಗೆ ಹೋದ. ನಡುವೆ ಯಾರೋ ಸೀನಿದರು. ಅತ್ತೆಯ ಸೀನು ಅವನಿಗೆ ಗೊತ್ತಿತ್ತು, ಇದು ಗಂಡಸಿನದು. ದೇವರಿಗೂ ಧೂಳು ಆಗಿಬರುವುದಿಲ್ಲವೋ ಏನೋ ಎಂದುಕೊಂಡ.

"ಮೆಟ್ಟಲು. ಇನ್ನೊಂದು. ಇಳಿಸು."

ಯಾರೋ ಮೊದಲೇ ತಂದಿಟ್ಟಿದ್ದ ಮರದ ತುಂಡುಗಳ ಮೇಲೆ ಗಾಜು ಕೂತಿತು. ಕ್ರೇನು ಮುಖದ ಬಟ್ಟೆ ಎಳೆದ.

ಎದುರಿಗೆ ಗಾಜಿನ ತುಂಬ ಅಂಗೈಗಳಿದ್ದವು, ಒತ್ತಿ ಬಿಳುಚಿದ ಅಂಗೈಗಳು. ಆಚೆ ಬದಿಗೆ ಕ್ಷೌರಿಕ, ಇನ್ನೊಂದು ಕೈಯಲ್ಲಿ ಕತ್ತಿಯನ್ನು ತಲೆಯ ಮೇಲೆತ್ತಿ ಹಿಡಿದು ನಿಂತಿದ್ದ. ಪಕ್ಕದಲ್ಲಿ ಮೇಷ್ಟ್ರು, ನೊರೆ ಒಣಗಿ ಧೂಳು ಕೂತು ಅರ್ಧ ಮುಖ ಗಿಲಾವು ಮಾಡಿದ ಗೋಡೆಯಂತಾಗಿತ್ತು. ಈಚೆ ಬದಿಗೆ ಹೊಲಿಗೆಯ ಅಕ್ಕತಂಗಿಯರು, ಕುತ್ತಿಗೆಯಲ್ಲಿ ಅಳತೆಯ ಟೇಪು. ಅವರ ಹಿಂದೆ ಅವನಿಗೆ ಪರಿಚಯವೇ ಇಲ್ಲದ ಇನ್ನೊಂದಿಷ್ಟು ಜನ. ಎಲ್ಲರೂ ತುಟಿ ಬಿಗಿದುಕೊಂಡಿದ್ದರು.

"ಈಗ ಮಾತಾಡಬಹುದು" ಎಂದಳು ಗಾಜಿನಮ್ಮ.

ಎಲ್ಲರೂ ಒಟ್ಟಿಗೆ ಮಾತಾಡಿದರು.

"ನೀವೆಲ್ಲ ಯಾವಾಗ ಬಂದ್ರಿ?" ಎಂದು ಕ್ರೇನು ಕೇಳಿದ.

"ಬಾಗಿಲಲ್ಲೇ ನಿಂತಿದ್ವಿ ಕಣೋ. ಬಂದ್ರೆ ಬೈತೀಯಲ್ಲ" ಎಂದ ಕ್ಷೌರಿಕ. "ಮೇಷ್ಟ್ರ ಬಟ್ಟೆ ಹಾರಿ ಬಂದು ನಿನ್ನ ಕಣ್ಣು ಮುಚ್ಚಿತಲ್ಲ, ಆಮೇಲೆ ಧೈರ್ಯ ಬಂತು."

"ಆದ್ರೂ ಹಿಡಿಯೋಕಾಗಲಿಲ್ಲ" ಎಂದಳು ಹೊಲಿಗೆಯ ಅಕ್ಕ. "ನೀವು ಆ ಕಡೆ ತಳ್ತಿದ್ರಿ, ಅಮ್ಮ ಕಣ್ಣಲ್ಲೇ ತಡೀರಿ ಅಂದ್ರು. ನೀವು ಸಡಿಲ ಬಿಟ್ರಿ ನೋಡಿ, ಆಗ ತಲೆಯಾಡಿಸಿದ್ರು."

"ಗಾಳಿ ಕೈಲೇ ಯಾರೋ ಬಟ್ಟೆ ಕೊಟ್ಟು ಕಳಿಸ್ದ ಹಾಗಾಯ್ತು" ಎಂದರು ಮೇಷ್ಟ್ರು. ಮತ್ತೆ ಸೀನಿದರು.

"ಗಾಳಿನೂ ದೇವರದೇ ಅಲ್ವಾ" ಎಂದಳು ಗಾಜಿನಮ್ಮ. "ಅವನಿಗೆ ಕೈ ಬೇಕಾದಷ್ಟಿದೆ ಅಂತ ಗೊತ್ತಿತ್ತು. ಒಂದಕ್ಕೆ ಸೋಪು ಹತ್ತಿರುತ್ತೆ ಅಂತ ಗೊತ್ತಿರಲಿಲ್ಲ."

ಕ್ರೇನು ಬಿಳಿ ಬಟ್ಟೆಯನ್ನು ಮಡಿಸಿ ಮೇಷ್ಟ್ರಿಗೆ ಕೊಟ್ಟ. "ಸಾರ್, ಕಿಟಕಿಗೂ ಒಂದು ಕೈ ಹಾಕ್ತೀರಾ?" ಎಂದ. ಆ ಮಾತು ಅವನ ಬಾಯಿಂದ ಬಂದದ್ದನ್ನು ಬೀದಿಯವರು ಕೇಳಿದ್ದು ಅದೇ ಮೊದಲು.

ಚೌಕಟ್ಟಿಗೆ ಗಾಜು ಕೂರಿಸಿ, ಸುತ್ತ ಮರದ ಪಟ್ಟಿ ಹೊಡೆದು ಮುಗಿಸಿದಾಗ ಇನ್ನೂ ಬೆಳಕಿತ್ತು. ಕಾರಿಡಾರಿನ ತೊಟ್ಟಿಲುಗಳು ಒಂದೊಂದಾಗಿ ಒಳಗೆ ಬಂದವು. ಸಂಜೆಯ ಗಾಳಿ ಹೇಳಿದ್ದಂತೆಯೇ ಬಂತು, ಗಾಜಿಗೆ ಬಡಿಯಿತು, ಹೊರಗೇ ಉಳಿಯಿತು.

ಹೆಡ್ ನರ್ಸು ಕಿಟಕಿಯನ್ನು ಮೇಲಿಂದ ಕೆಳಗೆ ನೋಡಿದರು. "ಗಾಜೇನೋ ಸರಿ. ಇದೇನು, ಊರಿನವರೆಲ್ಲ ಹೆಬ್ಬೆಟ್ಟು ಒತ್ತಿ ಕಳಿಸಿದಾರಾ? ಒರೆಸಿ ಹೋಗಿ."

ಅತ್ತೆ ವ್ಯಾನಿನ ಕಡೆ ಹೊರಟಿದ್ದಳು. ಕ್ರೇನು ಒದ್ದೆ ಬಟ್ಟೆ ಹಿಡಿದು ಮೊದಲು ಒಳಗಿನಿಂದ, ಆಮೇಲೆ ಹೊರಗಿನಿಂದ ಒರೆಸಿದ. ಮೇಷ್ಟ್ರ ಸೋಪಿನ ಕೈ ಹೋಗಲು ಹೊತ್ತು ಹಿಡಿಯಿತು. ಕೊನೆಯ ಗುರುತೂ ಹೋಗಿ ಗಾಜು ಕಾಣದಂತಾದಾಗ ಒಳಗಡೆ ಅವನ ಹೆಂಡತಿ ಮಗುವನ್ನು ಎತ್ತಿ ತೋರಿಸಿದಳು. ಮಗು ಆಕಳಿಸಿತು.

ಅವನು ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, ಗಾಜಿನ ಮೇಲೆ ಅಂಗೈಯಿಟ್ಟು, ಒಂದು ಮಾತು ಹೇಳಿದ. ಎತ್ತುವುದು ಏನೂ ಇರಲಿಲ್ಲ.

"ಅಯ್ಯೋ, ಈಗಷ್ಟೇ ಒರೆಸಿದ್ರಲ್ಲ" ಎಂದರು ನರ್ಸು ಒಳಗಿಂದ.