ಕ್ಯಾಮರಾ ಕುರುಡಾಗಿದ್ದಷ್ಟು ಹೊತ್ತು

ಯಾರದೋ ಉಣ್ಣೆ ಟೊಪ್ಪಿಯ ಗೊಂಡೆ ಬೆಳಕಿನ ದಾರಿಗೆ ಅಡ್ಡ ಬಂದು ಪರದೆಯ ಕೆಳಗಂಚಿನಲ್ಲಿ ಕಪ್ಪು ಉಂಡೆಯೊಂದು ಅಲ್ಲಾಡುತ್ತದೆ, ಟೊಪ್ಪಿ ತೆಗಿಯಪ್ಪಾ, ನಿನ್ ತಲೆ ನೋಡೋಕೆ ಬಂದಿಲ್ಲ ನಾವು, ಎಂದು ಹಿಂದಿನ ಸಾಲಿನವರು ಗದರುತ್ತಾರೆ, ನಗು, ಉಂಡೆ ಮಾಯ, ಮತ್ತೆ ನದಿ, ಹೆಪ್ಪುಗಟ್ಟಿದ ನೀರಿನ ಮೇಲೆ ಸ್ಕೀ ಎಳೆದ ಎರಡು ಗೆರೆ, ಆಚೆ ದಡದಲ್ಲಿ ರೊಟ್ಟಿಮನೆಯ ಹೊಗೆ, ಎಲ್ಲ ಇಟ್ಟಲ್ಲೇ ಇದೆ, ಯಾವುದೂ ನಡುಗುತ್ತಿಲ್ಲ, ಇದು ನಾನು ತೆಗೆದದ್ದು ಎಂದುಕೊಂಡಳು ಹಿಲ್ಲೆವಿ, ಕುರ್ಚಿ ಖಾಲಿಯಿದ್ದರೂ ಕೂರಲಾಗದೆ ಗೋಡೆಗೆ ಒರಗಿ ನಿಂತಿದ್ದಾಳೆ, ಬೆನ್ನಿಗೆ ಸಾಲಾಗಿ ನೇತುಹಾಕಿದ ಒದ್ದೆ ಕೋಟುಗಳು, ಕಾಫಿಯ ವಾಸನೆ, ಊರಿಗೆ ಊರೇ ಈ ಸಮುದಾಯ ಭವನದಲ್ಲಿ ಬಂದು ಕೂತಿದೆ, ಶನಿವಾರ ಮಧ್ಯಾಹ್ನ ಬೇರೆ ಕೆಲಸವಿಲ್ಲವೆಂದಲ್ಲ, ತಮ್ಮ ಊರು ಪರದೆಯ ಮೇಲೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ನೋಡಲು, ಎರಡನೆಯ ಸಾಲಿನಲ್ಲಿ ನೀಲಿ ತಲೆವಸ್ತ್ರ, ಅಸ್ತಾ, ಕತ್ತು ನೆಟ್ಟಗೆ, ಅವಳ ಎಡಕ್ಕೆ ಎಲ್ನಾ, ಬಲಕ್ಕೆ ತೋರಾ, ಒಲೆಯ ಮುಂದೆ ನಿಲ್ಲುವ ಹಾಗೆಯೇ ಇಲ್ಲೂ ಕೂತಿದ್ದಾರೆ, ಈಗ ಹಿಟ್ಟು ನಾದುವುದು ಬರುತ್ತದೆ, ಆಮೇಲೆ ಲಟ್ಟಿಸುವುದು, ಆಮೇಲೆ ಆ ಬಿಳಿ — ಅಸ್ತಾಳ ತಲೆ ಇದ್ದ ಜಾಗದಲ್ಲಿ ಈಗ ಇರುವ ಬರೀ ಬಿಳಿ, ಅದು ನಿಲ್ಲುತ್ತದೋ ಬೀಳುತ್ತದೋ, ಬಿದ್ದರೆ ಇಡೀ ಸಿನಿಮಾ ಬಿದ್ದ ಹಾಗೆ, ಇಂಗ್ವೆ ಹೇಳಿದ್ದೇ ಸರಿಯಾದ ಹಾಗೆ, ಆ ತಲೆ ಇಲ್ಲದಿದ್ರೆ ಉಳಿಯೋದು ರೊಟ್ಟಿ ಮಾಡೋ ವಿಧಾನ ಅಷ್ಟೇ ಹಿಲ್ಲೆವಿ, ಅದನ್ನ ಹಿಟ್ಟಿನ ಪೊಟ್ಟಣದ ಹಿಂದೇನೂ ಬರ್ದಿರ್ತಾರೆ.

ಸಿನಿಮಾ ಶಾಲೆಯ ಇಂಗ್ವೆ ಮೇಷ್ಟರ ಬಾಯಿ ಹಾಗೆಯೇ, ಮೊದಲ ವಾರದಿಂದ ಹಾಗೆಯೇ, ಅವಳ ಮೊದಲ ಅಭ್ಯಾಸದ ಚಿತ್ರ ನೋಡಿ ಗಡ್ಡ ಕೆರೆದುಕೊಂಡಿದ್ದರು, ಹಿಮ ಚೆನ್ನಾಗಿದೆ, ಟೊಂಗೆ ಚೆನ್ನಾಗಿದೆ, ಬೇಲಿ ಮೇಲಿನ ಹಕ್ಕಿ ಹಿಕ್ಕೇನೂ ಚೆನ್ನಾಗಿದೆ, ಜನ ಎಲ್ಲಮ್ಮಾ, ಅವಳು ನೆಲ ನೋಡಿದ್ದಳು, ನಿಂಗೆ ಹಿಮ ಯಾಕಿಷ್ಟ ಹೇಳ್ಲಾ, ಅದು ವಾಪಸ್ ನಿನ್ನ ನೋಡಲ್ಲ, ಎಂದಾಗ ಕಿವಿಯವರೆಗೂ ಬಿಸಿಯೇರಿತ್ತು, ಶಾಲೆಯಲ್ಲಿ ಎದ್ದು ನಿಂತು ಓದು ಎಂದಾಗ ಏರುತ್ತಿದ್ದ ಅದೇ ಬಿಸಿ, ತರಗತಿಯ ಕಣ್ಣುಗಳೆಲ್ಲ ಹಿಂದಿರುಗಿ, ಪುಸ್ತಕದ ಅಕ್ಷರ ಕಣ್ಣೆದುರೇ ಇದ್ದರೂ ಗಂಟಲಲ್ಲಿ ಏನೂ ಇಲ್ಲ, ಹದಿನಾರಕ್ಕೆ ಶಾಲೆ ಬಿಟ್ಟು ಹೋಟೆಲಿನ ಒಗೆಯುವ ಕೋಣೆಯಲ್ಲಿ ಹಾಸಿಗೆವಸ್ತ್ರ ಮಡಿಸುತ್ತ ನಿಂತಾಗ ಎಷ್ಟು ಹಾಯಾಗಿತ್ತು, ಯಾರೂ ನೋಡುವುದಿಲ್ಲ, ತಾನು ಎಲ್ಲರನ್ನೂ ನೋಡಬಹುದು, ಆ ನೋಡುವ ಚಟವೇ ಕೊನೆಗೆ ಪಟ್ಟಣದ ಸಿನಿಮಾ ಶಾಲೆಯ ಬಾಗಿಲಿಗೆ ತಂದು ನಿಲ್ಲಿಸಿತ್ತು — ಪರದೆಯ ಮೇಲೆ ಎಲ್ನಾಳ ಮೊಣಕೈ ಹಿಟ್ಟಿನೊಳಗೆ ಇಳಿಯುತ್ತಿದೆ, ಅಯ್ಯೋ ಎಷ್ಟ್ ದಪ್ಪ ಕಾಣ್ತೀನಿ ಕಣೇ, ಎಂದು ಎರಡನೆಯ ಸಾಲಿನಲ್ಲಿ ನಿಜದ ಎಲ್ನಾ ಪಿಸುಗುಟ್ಟಿದ್ದು ಇಲ್ಲಿಯವರೆಗೆ ಕೇಳುತ್ತದೆ, ಕಾಣೋದಲ್ಲ, ಇರೋದೇ ಅಷ್ಟು, ಎಂದು ತೋರಾ, ತೋರಾ ಬಸ್ಸು ಓಡಿಸುವವಳು, ಅವಳ ಪಿಸುಮಾತೆಂದರೆ ಹಾರನ್ನು, ಎಲ್ಲರಿಗೂ ನಗು, ನಗಲಿ, ಇಲ್ಲಿ ನಗುವುದಕ್ಕೇ ಇಷ್ಟು ಹೊತ್ತು ಆ ಮೊಣಕೈಯನ್ನು ಬಿಟ್ಟದ್ದು, ಮೊದಲಾಗಿದ್ದರೆ ಅರ್ಧಕ್ಕೇ ಕತ್ತರಿಸಿ ಮೇಲೆ ಪಿಟೀಲು ಸುರಿಯುತ್ತಿದ್ದಳು, ಮೊದಲ ಅಭ್ಯಾಸದ ಹಿಮಕ್ಕೆ ಹಾಗೇ ಮಾಡಿದ್ದಳಲ್ಲ, ಇನ್ನು ಎರಡನೆಯದು, ಅಯ್ಯೋ ಆ ಎರಡನೆಯದು, ಹೊರಗಿನ ಕೊರೆಯುವ ಚಳಿಯಿಂದ ನೇರ ರೊಟ್ಟಿಮನೆಯೊಳಗೆ ನುಗ್ಗಿ ಚೀಲದಿಂದ ಕ್ಯಾಮರಾ ಹೊರತೆಗೆದದ್ದೇ ತಡ ಲೆನ್ಸಿಗೆ ಮಂಜು ಕಟ್ಟಿತು, ತೋಳಿನಿಂದ ಒರೆಸಿದಳು, ಮತ್ತೆ ಕಟ್ಟಿತು, ಮತ್ತೆ ಒರೆಸಿದಳು, ಏನೇ ಅದಕ್ಕೂ ನೆಗಡಿನಾ, ಎಂದಿದ್ದಳು ಅಸ್ತಾ ಒಲೆಗೆ ಬರ್ಚ್ ಮರದ ಸೌದೆ ತಳ್ಳುತ್ತ, ಊರಿನ ಪ್ರತಿ ಹೆಂಗಸಿಗೂ ಚಳಿಗಾಲದ ಕೊನೆಯಲ್ಲಿ ಆ ಒಲೆಯ ಪಾಳಿ, ಆದರೆ ಒಲೆಯ ಯಜಮಾನಿ ಅಸ್ತಾ ಒಬ್ಬಳೇ, ಅವಳು ಹೇಳಿದಾಗ ಬೆಂಕಿ, ಅವಳು ಹೇಳಿದಾಗ ರೊಟ್ಟಿ, ಅಂದು ಮನೆಗೆ ಹೋಗಿ ನೋಡಿದರೆ ಒಂದು ಚಿತ್ರವೂ ಇಲ್ಲ, ಬೂದು ಬಣ್ಣದ ಗಂಜಿ, ತೋರಾಳಿಗೆ ತೋರಿಸಿದ್ದೇ ತಪ್ಪಾಯಿತು, ಪಾತ್ರೆ ತೊಳ್ದ ನೀರನ್ನ ಶೂಟಿಂಗ್ ಮಾಡಿದೀಯಲ್ಲೇ, ಭೇಷ್, ಎಂದು ಬಸ್ಸಿನ ತುಂಬ ಡಂಗುರ.

ಚಳಿನಾಡಿನಲ್ಲೇ ಹುಟ್ಟಿದವಳು, ಅಜ್ಜ ಒಳಬಂದು ಕನ್ನಡಕಕ್ಕೆ ಮಂಜು ಕಟ್ಟಿ ಬಾಗಿಲಲ್ಲೇ ಕುರುಡನಂತೆ ನಿಂತು ಕಾಯುತ್ತಿದ್ದುದನ್ನು ದಿನವೂ ನೋಡಿದವಳು, ಕ್ಯಾಮರಾ ಕೂಡ ಹಾಗೆ ಕಾಯಬೇಕು ಎಂದು ಹೊಳೆದಿರಲಿಲ್ಲ, ಕೊಂಡು ತಂದ ವಸ್ತುವಿಗೆ ಊರಿನ ಚಳಿ ತಾಗುವುದಿಲ್ಲ ಎಂದುಕೊಂಡಿದ್ದಳೇನೋ, ಮುಂದಿನ ಸಲ ಚೀಲದ ಬಾಯಿ ಬಿಗಿದು ಬೆಂಚಿನ ಕೆಳಗಿಟ್ಟು ಅದು ಬೆಚ್ಚಗಾಗುವವರೆಗೆ ಮೂಲೆಯಲ್ಲಿ ಕೈಕಟ್ಟಿ ನಿಂತಳು, ಖಾಲಿ ಕೈ ಇಟ್ಕೊಂಡು ನಿಲ್ಲೋಕೆ ಇದೇನು ಬಸ್ ಸ್ಟಾಪಾ, ತಗೋ, ಎಂದು ಅಸ್ತಾ ಲಟ್ಟಣಿಗೆ ಕೊಟ್ಟಳು, ಮೈತುಂಬ ಗೀರುಗಳಿರುವ ಲಟ್ಟಣಿಗೆ, ಬಾರ್ಲಿ ಹಿಟ್ಟು, ಹಲಗೆಯ ಅಗಲಕ್ಕೆ ರೊಟ್ಟಿ ಹಬ್ಬಬೇಕು, ಕಾಗದದ ಹಾಗೆ ತೆಳ್ಳಗೆ, ಅವಳದ್ದು ಹರಿದು ತೂತು ಬಿತ್ತು, ಇದ್ಯಾವ ದೇಶದ ನಕಾಶೆ, ಎಂದಳು ತೋರಾ, ದ್ವೀಪಗಳೂ ಇದಾವೆ ನೋಡು, ಎಂದಳು ಎಲ್ನಾ, ಹಿಲ್ಲೆವಿಗೆ ನಗು ಬಂದುಬಿಟ್ಟಿತ್ತು, ಗಟ್ಟಿಯಾಗಿ, ತನ್ನ ನಗು ತನಗೇ ಹೊಸದಾಗಿ ಕೇಳಿಸಿತ್ತು, ಹಾಗೆ ಪಾಳಿಯ ಮೇಲೆ ಪಾಳಿ, ಚೀಲ ಬೆಂಚಿನ ಕೆಳಗೆ, ಕೈ ಹಿಟ್ಟಿನಲ್ಲಿ, ಅಸ್ತಾ ಉದ್ದ ಹಲಗೆಯ ಮೇಲೆ ರೊಟ್ಟಿ ಎತ್ತುವ ಮೊದಲು ಒಮ್ಮೆ ಭುಜ ಇಳಿಸುತ್ತಾಳೆ, ಎಲ್ನಾ ಹಾಡು ಮರೆತಾಗ ಕಿಟಕಿ ನೋಡುತ್ತಾಳೆ, ಇದೆಲ್ಲ ಮೈಗೆ ತಿಳಿದುಹೋಯಿತು, ಆಮೇಲೆ ಕ್ಯಾಮರಾ ಎಲ್ಲಿಡಬೇಕು ಎಂದು ಯೋಚಿಸುವುದೇ ಬೇಡವಾಯಿತು, ಇಟ್ಟ ಕಡೆ ಜನ ತಾವಾಗಿಯೇ ಬಂದು ನಿಲ್ಲುತ್ತಿದ್ದರು — ನೋಡು, ಈಗ ಭುಜ ಇಳಿಸುತ್ತಾಳೆ, ಇಳಿಸಿದಳು, ರೊಟ್ಟಿ ಹಾರಿ ಒಲೆಯೊಳಗೆ ಬಿತ್ತು, ಸಭೆಯಲ್ಲಿ ಯಾರೋ ಆಹ್ ಎಂದರು, ಪ್ರತಿ ವರ್ಷ ಕಂಡಿರುವ ರೊಟ್ಟಿಯೇ, ಆದರೂ ಆಹ್ — ಆ ಆಹ್ ತನ್ನದು, ತಾನು ದುಡಿದದ್ದು, ಹೇಳಿಕೊಳ್ಳಲು ನಾಚಿಕೆ, ಆದರೆ ಒಳಗೆ ಒಲೆ ಹಚ್ಚಿಟ್ಟ ಹಾಗಿದೆ. ಮತ್ತೆ ಆ ಉಸಿರುಗಳು, ಅವನ್ನೂ ಕಲಿಯಬೇಕಾಯಿತು, ಇಲ್ಲಿನವರು ಹೌದು ಎಂದು ಬಾಯಿಬಿಟ್ಟು ಹೇಳುವುದಿಲ್ಲ, ತುಟಿ ಚೂಪಾಗಿಸಿ ಉಸಿರನ್ನು ಚಕ್ಕನೆ ಒಳಗೆಳೆದುಕೊಳ್ಳುತ್ತಾರೆ, ಶ್ಶುಪ್, ಅದೇ ಹೌದು, ದಕ್ಷಿಣದಿಂದ ಬಂದಿದ್ದ ಸಹಪಾಠಿಯೊಬ್ಬ ಅವಳ ಚಿತ್ರದ ಧ್ವನಿ ಕೇಳಿ, ಪಾಪ, ನಿಮ್ಮೂರಲ್ಲಿ ಎಲ್ರಿಗೂ ಉಬ್ಬಸಾನಾ, ಎಂದ, ಅವಳು ನಾಚಿ ಹೋಗಿ ಒಂದೊಂದು ಉಸಿರನ್ನೂ ಹುಡುಕಿ ಹುಡುಕಿ ಕತ್ತರಿಸಿದಳು, ಆಮೇಲೆ ಕೇಳಿದರೆ ಪ್ರಶ್ನೆಗಳಿವೆ, ಉತ್ತರವೇ ಇಲ್ಲ, ಕಾಫಿ ಬೇಕಾ, ಮೌನ, ನಾಳೆ ಬರ್ತೀಯಾ, ಮೌನ, ಊರಿಗೆ ಊರೇ ಮುನಿಸಿಕೊಂಡಂತೆ, ತಾನೂ ಹುಟ್ಟಿದಾಗಿನಿಂದ ಹಾಗೆಯೇ ಹೌದು ಎನ್ನುವವಳು, ಕಿತ್ತ ಉಸಿರನ್ನೆಲ್ಲ ಮತ್ತೆ ಅದರದರ ಜಾಗಕ್ಕೆ ಹೊಲಿದು ಕೂರಿಸಿದಳು, ಯಾರೂ ಹೇಳಿಕೊಡಲಿಲ್ಲ ಅದನ್ನು.

ಆ ಬಿಳಿ ಸಿಕ್ಕ ದಿನ ತಾಳ್ಮೆ ಸಾಲದೆ ಕ್ಯಾಮರಾವನ್ನು ಬೇಗ ತೆಗೆದಿದ್ದಳು, ಲೆನ್ಸಿನ ಮೇಲೆ ಮಂಜು, ಇರಲಿ, ಕಣ್ಣಿಲ್ಲದಿದ್ದರೆ ಕಿವಿಯಾದರೂ ಕೆಲಸ ಮಾಡಲಿ ಎಂದು ಹಿಟ್ಟಿನ ಪೆಟ್ಟಿಗೆಯ ಮೇಲಿಟ್ಟು ಗುಂಡಿ ಒತ್ತಿ ಲಟ್ಟಿಸಲು ಹೋದಳು, ಇನ್ನೂ ಕುರುಡಾ ಅದು, ಎಂದು ಕೇಳಿದಳು ಅಸ್ತಾ, ಇನ್ನೂ ಕುರುಡು, ಎಂದಳು ಹಿಲ್ಲೆವಿ ತಿರುಗಿಯೂ ನೋಡದೆ, ಸುಳ್ಳಾಗಿರಲಿಲ್ಲ ಅದು ಹೇಳಿದಾಗ, ಆಗ ಅಸ್ತಾ ತಲೆವಸ್ತ್ರ ಬಿಚ್ಚಿದಳು, ಒಂದು ಕೂದಲೂ ಇಲ್ಲ, ಚಳಿಗಾಲದ ಮೊದಲು ಊಮಿಯೊ ನಗರದ ಆಸ್ಪತ್ರೆಗೆ ಮೊಣಕಾಲಿಗೆಂದು ಹೇಳಿ ಹೋಗಿಬಂದವಳು, ಊರೆಲ್ಲ ಮೊಣಕಾಲು ಹೇಗಿದೆ ಎಂದು ಕೇಳುತ್ತಿದ್ದರು, ಈಗಲೂ ಕೇಳುತ್ತಾರೆ, ಎಲ್ನಾ ಹಿಟ್ಟಿನ ಕೈ ಹಿಟ್ಟಿನಲ್ಲೇ ಬಿಟ್ಟು ನಿಂತಳು, ತೋರಾ ಲಟ್ಟಣಿಗೆ ಕೆಳಗಿಟ್ಟಳು, ಏನ್ರೇ, ನೋಡೋ ಹಂಗಿದೀನಾ ಇಲ್ವಾ, ಎಂದಳು ಅಸ್ತಾ, ಮೂವರೂ ಉಸಿರೆಳೆದುಕೊಂಡರು, ಅಷ್ಟೇ, ಮತ್ತೆ ರೊಟ್ಟಿ. ಪೆಟ್ಟಿಗೆಯ ಮೇಲೆ ಕ್ಯಾಮರಾ ತನ್ನ ಪಾಡಿಗೆ ಬೆಚ್ಚಗಾಗುತ್ತಿತ್ತು, ಎರಡು ದಿನದ ಮೇಲೆ ಸಂಕಲನದ ಕೋಣೆಯಲ್ಲಿ ಕೂತು ನೋಡಿದರೆ ಬಿಳಿ, ಬಿಳಿ, ಬಿಳಿಯೊಳಗೆ ಒಂದು ಕಿತ್ತಳೆ ಬಣ್ಣದ ಉಸಿರು, ಒಲೆಯದು, ಆಮೇಲೆ ಮಂಜು ನಡುವಿನಿಂದ ಕರಗುತ್ತ ಕರಗುತ್ತ ಅಸ್ತಾಳ ತಲೆ, ದುಂಡಗೆ, ಬರಿದಾಗಿ, ಒಂದು ಬದಿಗೆ ಬೆಂಕಿಯ ಕೆಂಪು, ಮೇಲೆ ಸಣ್ಣ ಹಬೆ, ಮೊಟ್ಟೆಯೊಡೆದು ಹೊರಬಂದದ್ದರ ಹಾಗೆ, ಅಷ್ಟು ಚಂದದ್ದನ್ನು ಅವಳು ಬೇಕೆಂದು ಮಾಡಿದ್ದರೂ ಮಾಡಲಾಗುತ್ತಿರಲಿಲ್ಲ, ಬೆನ್ನ ಹಿಂದೆ ಇಂಗ್ವೆಯ ಉಸಿರು, ಇದು, ಇದೇ ನಿನ್ ಸಿನಿಮಾ, ಮಿಕ್ಕಿದ್ದೆಲ್ಲ ಇದಕ್ಕೆ ಬಾಗ್ಲು. ರಾತ್ರಿಯೆಲ್ಲ ಆ ತಲೆ, ಬಸ್ಸಿನ ಕಿಟಕಿಯಲ್ಲಿ ಆ ತಲೆ, ಕೊನೆಗೆ ಲ್ಯಾಪ್‌ಟಾಪ್ ಹಿಡಿದು ಅಸ್ತಾಳ ಅಡುಗೆಮನೆಗೆ ಹೋದಳು, ಅಸ್ತಾ ಊರಿನ ರೂಢಿಯಂತೆ ಕಾಫಿಯೊಳಗೆ ಚೀಸಿನ ತುಂಡು ಹಾಕಿ ಚಮಚದಲ್ಲಿ ಮುಳುಗಿಸುತ್ತಿದ್ದಳು, ಅವತ್ತು ಅದು ಕುರುಡಾಗಿರ್ಲಿಲ್ಲ ಅಸ್ತಾ, ಎಂದಳು ಹಿಲ್ಲೆವಿ ಕೋಟನ್ನೂ ಬಿಚ್ಚದೆ, ಎಷ್ಟು ಕಾಣ್ತು, ಎಂದಳು ಅಸ್ತಾ, ಎಲ್ಲಾ, ಹಾಕು ನೋಡಣ. ನೋಡಿದಳು. ಮುಗಿದ ಮೇಲೆ ಚೀಸನ್ನು ಚಮಚದಲ್ಲಿ ಎತ್ತಿ ತಿಂದಳು, ನಿಧಾನಕ್ಕೆ ಅಗಿದಳು, ಬೇಯಿಸಿದ ಮೊಟ್ಟೆ, ಎಂದಳು, ಚೆನ್ನಾಗಿದೆ ಅಸ್ತಾ, ಎಂದಳು ಹಿಲ್ಲೆವಿ, ಚೆನ್ನಾಗಿದೆ ಅಂತ ನಂಗೂ ಕಾಣುತ್ತೆ, ನಂಗೇನು ಮಂಜು ಕಟ್ಟಿದ್ಯಾ, ಅದಕ್ಕೇ ಹೇಳ್ತಿರೋದು ಸಿನಿಮಾದಿಂದ ತೆಗಿ ಅಂತ, ಊರೋರು ನೋಡಿದ್ರೆ ನಾಳೆಯಿಂದ ಯಾರೂ ನನ್ ರೊಟ್ಟಿ ಸುಟ್ಟಿದೆ ಅಂತ ಬಯ್ಯಲ್ಲ, ಎಲ್ರೂ ಮೆಲ್ಲಗೆ ಮಾತಾಡ್ತಾರೆ, ಆ ಮೆಲ್ಲಗಿನ ಮಾತು ನಂಗಾಗಲ್ಲ, ಅಲ್ಲಿದ್ದೋರು ನೋಡಾಯ್ತು, ಸಾಕು, ನೀನೂ ಅಲ್ಲಿದ್ಯಲ್ಲ ಹುಡುಗಿ — ನೀನೂ ಅಲ್ಲಿದ್ಯಲ್ಲ, ಆ ಮಾತನ್ನು ಅವಳು ನದಿ ದಾಟಿ ಮನೆಯವರೆಗೆ ಹೊತ್ತುಕೊಂಡು ಬಂದಿದ್ದಳು, ಬಿಸಿ ರೊಟ್ಟಿಯನ್ನು ಕೋಟಿನೊಳಗೆ ಇಟ್ಟುಕೊಂಡು ಬಂದ ಹಾಗೆ, ಮಾತಾಡಿದ್ದು ಇರ್ಲಾ ಎಂದು ಬಾಗಿಲಲ್ಲಿ ಕೇಳಿದ್ದಕ್ಕೆ ಅಸ್ತಾ ಯೋಚಿಸಿ, ಮಾತಿಗೇನು ತಲೆ ಕಾಣುತ್ತಾ, ಇರ್ಲಿ, ಎಂದಿದ್ದಳು.

ತೆಗೆದಳು. ತೆಗೆದ ಜಾಗಕ್ಕೆ ನದಿ ಹಾಕಿದಳು, ಸುಳ್ಳು ಅನಿಸಿತು, ಎಲ್ನಾಳ ಕೈ ಹಾಕಿದಳು, ಮುಚ್ಚಿಟ್ಟ ಹಾಗಾಯಿತು, ಕಪ್ಪು ಹಾಕಿದಳು, ಯಾರೋ ಸತ್ತ ಹಾಗಾಯಿತು, ಕೊನೆಗೆ ಮಂಜನ್ನೇ ಬಿಟ್ಟಳು, ಕಿತ್ತಳೆಯ ಉಸಿರು ಆಡುವವರೆಗೆ, ಆಕಾರ ಮೂಡುವುದಕ್ಕೆ ಒಂದು ಕ್ಷಣ ಮೊದಲು ನಿಲ್ಲಿಸಿ, ಆ ಬಿಳಿಯನ್ನೇ ಮಾತು ಮುಗಿಯುವವರೆಗೆ ಹಿಡಿದು, ಇಂಗ್ವೆ ನೋಡಿ ಟೊಪ್ಪಿ ಹಾಕಿಕೊಂಡು ಹೋದರು, ನಿನ್ ಸಿನಿಮಾ, ನಿನ್ ತಲೆನೋವು, ಎಂದದ್ದು ಬಾಗಿಲಾಚೆಯಿಂದ — ಬಂತು, ಬಂತು ಈಗ, ಪರದೆ ಬೆಳ್ಳಗಾಯಿತು, ಸಭೆಯ ಮುಖಗಳೆಲ್ಲ ಒಮ್ಮೆಲೇ ಬೆಳಕಿಗೆ ಬಂದವು, ಚಿತ್ರ ಹೋಯ್ತೇನ್ರೋ, ಎಂದಿತು ಒಂದು ಗಂಡು ದನಿ, ಕುರ್ಚಿಗಳ ಕಿರುಗುಟ್ಟುವಿಕೆ, ಹಿಲ್ಲೆವಿಯ ಬೆನ್ನು ಒದ್ದೆ ಕೋಟಿನೊಳಕ್ಕೆ ಒತ್ತಿಕೊಂಡಿತು, ಬಿತ್ತು, ಬಿದ್ದೇ ಹೋಯಿತು, ಇನ್ನೂ ಕುರುಡಾ ಅದು, ಎಂದಿತು ಬಿಳಿ, ಅಸ್ತಾಳ ದನಿಯಲ್ಲಿ, ಇನ್ನೂ ಕುರುಡು, ಎಂದಿತು ತನ್ನದೇ ದನಿ, ಇಷ್ಟು ದೊಡ್ಡದಾಗಿ, ಭವನದ ಮೂಲೆಮೂಲೆಗೂ, ಶಾಲೆಯಲ್ಲಿ ಎಂದೂ ಹೊರಡದ ದನಿ, ಸಭೆ ನಕ್ಕಿತು, ಆಮೇಲೆ ನಗು ತಾನಾಗಿ ಕೆಳಗಿಳಿಯಿತು, ಬಟ್ಟೆ ಸರಿದ ಸದ್ದು, ಸೌದೆ ಸಿಡಿದ ಸದ್ದು, ಬಿಳಿಯೊಳಗೆ ಕಿತ್ತಳೆ, ಏನ್ರೇ, ನೋಡೋ ಹಂಗಿದೀನಾ ಇಲ್ವಾ, ಉಸಿರೆಳೆದ ಹೌದು, ಎಲ್ನಾಳದು, ಮತ್ತೊಂದು, ತೋರಾಳದು, ಮತ್ತೆ ಮೈಕಿಗೆ ಎಲ್ಲಕ್ಕಿಂತ ಹತ್ತಿರದ್ದು, ತನ್ನದು — ಆಮೇಲೆ ಕೇಳಿದ್ದು ಸಿನಿಮಾದ್ದಲ್ಲ, ಮೊದಲ ಸಾಲಿನ ಮುದುಕನೊಬ್ಬ ಬಿಳಿ ಪರದೆಗೆ ಮುಖವೆತ್ತಿ ತನಗೆ ಗೊತ್ತಿಲ್ಲದೆಯೇ ಉಸಿರೆಳೆದುಕೊಂಡ, ಹೌದು, ಅವನ ಪಕ್ಕದವಳು, ಹೌದು, ನಡುವಿನ ಸಾಲಿನಲ್ಲಿ ಟೊಪ್ಪಿ ಮಡಿಲಲ್ಲಿಟ್ಟುಕೊಂಡವನು, ಹೌದು, ಅಲ್ಲೊಂದು ಇಲ್ಲೊಂದು, ಏನು ನೋಡುತ್ತಿದ್ದೇವೆಂದು ತಿಳಿಯದೆ ಊರು ಒಪ್ಪಿಕೊಳ್ಳುತ್ತಿದೆ, ನಿಂತಿದೆ, ಬಿಳಿ ನಿಂತಿದೆ, ತಾನು ನಿಲ್ಲಿಸಿದ್ದು, ನೀಲಿ ತಲೆವಸ್ತ್ರ ತಿರುಗುವುದಿಲ್ಲ, ಕತ್ತು ನೆಟ್ಟಗೆ, ಅವಳೂ ಅದನ್ನೇ ನೋಡುತ್ತಿದ್ದಾಳೆ, ಬಿಳಿ, ಅಲ್ಲಿದ್ದವರಿಗಷ್ಟೇ ಕಾಣುವ ಹಾಗೆ ಬಿಳಿಯೊಳಗೆ ದುಂಡಗೆ, ಬರಿದಾಗಿ, ಒಂದು ಬದಿಗೆ ಬೆಂಕಿಯ ಕೆಂಪು ಹಚ್ಚಿಕೊಂಡು, ಹಬೆಯಾಡುತ್ತ, ಅಸ್ತಾಳ ತಲೆ, ಅಸ್ತಾಳ ತಲೆ