ನಾಲ್ಕನೆಯ ಫ್ಲೆಕ್ಸಿಗೆ ಮೊದಲು

ಕರುಣಾ ಎರಡನೆಯ ರೊಟ್ಟಿ ಬಡಿಯುತ್ತಿದ್ದಳು. ಅದಿನ್ನೂ ಅಂಗೈಯಗಲ ಆಗಿತ್ತಷ್ಟೇ, ಹೊರಗೆ ಸ್ಕೂಟರ್ ನಿಂತ ಸದ್ದಾಯಿತು. ಹಿಂದೆಯೇ ಗಂಡನ ಕೂಗು.

"ಏ ಕರುಣಾ, ಜಲ್ದಿ ಬಾ! ಜರಾ ಈ ತುದಿ ಹಿಡಿ!"

"ಹಂಚಿನ ಮ್ಯಾಲ ರೊಟ್ಟಿ ಅದರಿ."

"ರೊಟ್ಟಿ ಎಲ್ಲೂ ಓಡಿ ಹೋಗಂಗಿಲ್ಲ, ಬಾ!"

ಹಿಟ್ಟಿನ ಕೈಯಲ್ಲೇ ಹೋಗಿ ತುದಿ ಹಿಡಿದಳು. ಸಂಘಪಾಲ ಸುರುಳಿ ಬಿಚ್ಚುತ್ತ ಹಿಂದೆ ಹಿಂದೆ ನಡೆದು ಗೇಟಿಗೆ ಬೆನ್ನು ಹಚ್ಚಿ ನಿಂತ. ನಡುವೆ ಹಸಿರು ಭೂಮಿ, ಭೂಮಿಯ ಮೇಲೊಂದು ಮರ, ಮರಕ್ಕಿಂತ ದೊಡ್ಡದಾಗಿ ಮಗಳು ಲುಂಬಿನಿಯ ನಗುಮುಖ. ಕೆಳಗೆ ಕೆಂಪು ಅಕ್ಷರ: 'ಪ್ಲಾಸ್ಟಿಕ್ ಬಿಡಿ, ಭೂಮಿ ಉಳಿಸಿ.'

ಕರುಣಾ ಬೆರಳಲ್ಲಿ ಒತ್ತಿ ನೋಡಿದಳು. ಫ್ಲೆಕ್ಸು. ಅಪ್ಪಟ ಪ್ಲಾಸ್ಟಿಕ್ಕು.

ವಾಡಿಯ ಸ್ಟೇಷನ್ ರಸ್ತೆಯಲ್ಲಿ ಸಂಘಪಾಲನದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬವೇ ಇರಲಿ, ಜಯಂತಿಯೇ ಇರಲಿ, ಯಾರಿಗೋ ಸಣ್ಣದೊಂದು ಪದವಿ ಸಿಕ್ಕಿರಲಿ, ಮಂದಿ ಮೊದಲು ಬರುವುದು ಅವನ ಹತ್ತಿರ. ಹಳೆಯ ಫ್ಲೆಕ್ಸುಗಳೂ ಓಣಿ ಬಿಟ್ಟು ಹೋಗುವುದಿಲ್ಲ. ಸಗಣಿ ಕುಳ್ಳಿನ ಮೇಲೆ, ತೊಗರಿ ಕಟ್ಟಿಗೆಯ ಮೇಲೆ, ಆಡಿನ ಕೊಟ್ಟಿಗೆಯ ಮೇಲೆ ಹೊದಿಕೆಯಾಗಿ ವರ್ಷಗಟ್ಟಲೆ ಇರುತ್ತವೆ. ಇವರ ಮನೆಯ ಬಚ್ಚಲಿಗೆ ಮರೆ ಕಟ್ಟಿದ್ದರಲ್ಲಿ ಒಬ್ಬ ಯುವ ಮುಖಂಡ ಕೈಮುಗಿದು ನಗುತ್ತಿದ್ದ. "ಇವನ ಮುಂದ ನಾ ಹ್ಯಾಂಗ ಜಳಕಾ ಮಾಡ್ಲಿ?" ಎಂದು ಅತ್ತೆ ಭೀಮಬಾಯಿ ಅವನ ಮುಖವನ್ನು ಹೊರಗಡೆ ತಿರುಗಿಸಿ ಕಟ್ಟಿಸಿದ್ದಳು. ಈಗ ಅವನು ಅಂಗಳದಲ್ಲಿ ಪಾತ್ರೆ ತಿಕ್ಕುವ ಕರುಣಾಳಿಗೆ ದಿನವೂ ನಮಸ್ಕಾರ ಮಾಡುತ್ತಾನೆ.

ಲುಂಬಿನಿ ಒಂಬತ್ತನೆಯ ತರಗತಿ. ಗುರುದೇವಿ ಟೀಚರ್ ಶಾಲೆಯಲ್ಲಿ ಪರಿಸರ ಸಂಘ ಶುರು ಮಾಡಿದ ಮೇಲೆ ಒಂದು ತಿಂಗಳಿಂದ ಮನೆಯಲ್ಲಿ ಅವಳದೇ ರಾಜ್ಯ. ಶಾಂಪೂ ಚೀಟಿ ಹೋಗಿ ಸೀಗೆಪುಡಿ ಬಂದಿತ್ತು. ಕಿರಾಣಿಗೆ ಹೊರಟರೆ ಬಾಗಿಲಲ್ಲೇ ಕೈಚೀಲದ ತಪಾಸಣೆ. ಅಜ್ಜಿಯ ತಂಬಾಕು ಕೂಡ ಪ್ಲಾಸ್ಟಿಕ್ ಪುಡಿಕೆಯಿಂದ ಸ್ಟೀಲ್ ಡಬ್ಬಿಗೆ ಬದಲಾಗಿತ್ತು. ನಾಳೆ ಸೋಮವಾರ ಮಕ್ಕಳ ಜಾಥಾ; ಶಾಲೆಯಿಂದ ಸ್ಟೇಷನ್ನಿನವರೆಗೆ. ಅದನ್ನವಳು ಉಣ್ಣುವಾಗ ಹೇಳಿದ್ದಳು. ಅಪ್ಪ ಸುಮ್ಮನೆ ಕೇಳಿಸಿಕೊಂಡಿದ್ದ.

ಹಲ್ಲುಜ್ಜುತ್ತ ಹೊರಗೆ ಬಂದ ಲುಂಬಿನಿ ತನ್ನ ಮುಖವನ್ನೇ ಎದುರಿಗೆ ಕಂಡು ಬ್ರಷ್ ಬಾಯಲ್ಲಿಟ್ಟುಕೊಂಡೇ ನಿಂತಳು.

"ಹ್ಯಾಂಗದ ಬೇಟಾ?" ಸಂಘಪಾಲನ ಮುಖ ಫ್ಲೆಕ್ಸಿಗಿಂತ ಹೆಚ್ಚು ಹೊಳೆಯುತ್ತಿತ್ತು.

"ಛಲೋ ಅದ ಅಪ್ಪಾ... ಖರೆ, ನನ್ನ ಹಲ್ಲು ಭಾಳ ದೊಡ್ಡವು ಕಾಣ್ಲಿಕತ್ತಾವ."

"ಅಷ್ಟೇ ಹೌದಿಲ್ಲೋ? ಬಾಯಿ ಮುಚ್ಚಿದ ಫೋಟೊ ಹಾಕಿ ಇನ್ನೊಂದು ಹೊಡೀತೀನಿ!" ಚಹಾ ಕೂಡ ಕುಡಿಯದೆ ಸ್ಕೂಟರ್ ಹತ್ತಿದ.

ಕರುಣಾ ಒಳಗೆ ಓಡಿದಳು. ರೊಟ್ಟಿ ಕರಕಲಾಗಿತ್ತು. ಮಗಳು ಬೆನ್ನಿಗೇ ಬಂದು ಒಲೆಯ ಪಕ್ಕ ಕುಕ್ಕರಿಸಿದಳು.

"ಅವ್ವಾ, ಪ್ಲಾಸ್ಟಿಕ್ ಬಿಡ್ರಿ ಅಂತ ಪ್ಲಾಸ್ಟಿಕ್ಕೇ ಹಿಡಕೊಂಡು ಹೋಗ್ಲ್ಯಾ? ನಮ್ಮ ಕ್ಲಾಸಿನ ಮುಬೀನ ಒಂದು ವಾರ ನಗ್ತಾಳ. ಟೀಚರ್ ಬಟ್ಟಿ ಮ್ಯಾಲ ಬರಕೊಂಡು ಬರ್ರಿ ಅಂದಾರ."

"ಹಂಗಂತ ಅಪ್ಪಗ ಹೇಳು."

"ನೀ ಹೇಳು."

"ನನಗ ರೊಟ್ಟಿ ಅವ."

ಲುಂಬಿನಿ ಹಿಟ್ಟಿನ ಮೇಲೆ ಬೆರಳಾಡಿಸಿದಳು. "ಊರಮಂದಿ ಮಾರಿ ಎಲ್ಲಾ ಫ್ಲೆಕ್ಸಿನ್ಯಾಗ ಹೊಡದಾನ. ನಂದು ಇದೇ ಮೊದಲು. ಬ್ಯಾಡ ಅಂದ್ರ ಅವನ ಮನಸಿಗಿ ಎಷ್ಟ್ ಹತ್ತಬ್ಯಾಡ?"

ತಾನು ಒಂದು ಮಾತು ಹೇಳಿದರೆ ಗಂಡ ಒಪ್ಪುತ್ತಾನೆ, ಕರುಣಾಳಿಗೆ ಗೊತ್ತಿತ್ತು. ಆದರೆ ಮಗಳ ಮಾತು ಮಗಳ ಬಾಯಿಂದಲೇ ಬರಬೇಕು. "ಅದನ್ನೇ ಅಪ್ಪಗ ಕೇಳು," ಎಂದಷ್ಟೇ ಹೇಳಿ ಹೊಸ ಉಂಡೆ ತೆಗೆದುಕೊಂಡಳು.

ಪಡಸಾಲೆಯಿಂದ ಭೀಮಬಾಯಿ ದನಿ ಎತ್ತಿದಳು: "ನನ್ನ ತಂಬಾಕ ಪುಡಿಕಿ ಕಸಗೊಳ್ಳಾಗ ಮೊಳದುದ್ದ ಬಾಯಿ ಇತ್ತಲ್ಲ! ಅಪ್ಪನ ಮುಂದ ಎಲ್ಲಿ ಹೋಯ್ತು ಅದು?"

"ಆಯಿ, ನೀ ಸುಮ್ನ ಕೂಡು!"

ಹನ್ನೆರಡಕ್ಕೆ ಎರಡನೆಯದು ಬಂತು. ಬಾಯಿ ಮುಚ್ಚಿದ ಫೋಟೊ ಎಂದರೆ ಆಧಾರ್ ಕಾರ್ಡಿನದೇ ಸಿಕ್ಕಿತ್ತು. ಭೂಮಿಯನ್ನು ಯಾರೋ ಕದ್ದೊಯ್ದಂತೆ ಫ್ಲೆಕ್ಸಿನ ಲುಂಬಿನಿ ದಿಟ್ಟಿಸುತ್ತಿದ್ದಳು. ಭೀಮಬಾಯಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

"ಈಗರೆ ಹ್ಯಾಂಗದ?"

"ಮಾರಿ ಛಲೋ ಅದ," ಲುಂಬಿನಿ ಮರದ ಮೇಲೆ ಬೆರಳಿಟ್ಟಳು. "ಗಿಡ ಜರಾ ಬಾಡಿದಂಗ..."

"ಹೌದಲ್ಲ!" ಸಂಘಪಾಲ ಬಗ್ಗಿ ನೋಡಿದ. "ಗಿಣಿ ಹಸಿರು ಹಾಕ್ತೀನಿ ತಡಿ."

ಕರುಣಾ ಮಗಳ ಕಡೆ ನೋಡಿದಳು. ಮಗಳು ಸೂರಿನ ಕಡೆ ನೋಡಿದಳು.

ಬಿಸಿಲು ಇಳಿಯುವಷ್ಟರಲ್ಲಿ ಮೂರನೆಯದೂ ಬಂತು. ಪರಸಿ ಕಲ್ಲಿನ ನೆಲದ ಮೇಲೆ ಮೂವರು ಲುಂಬಿನಿಯರು ಸಾಲಾಗಿ ಮಲಗಿದರು. ಕಾಲಿಡಲು ಜಾಗವಿಲ್ಲದೆ ಭೀಮಬಾಯಿ ಗೋಡೆ ಹಿಡಿದು ದಾಟಿ ಬಂದಳು.

"ಒಂದು ನಮ್ಮ ಕುಳ್ಳಿಗಿ ಆಯ್ತು," ಎಂದು ಬೆರಳು ಮಡಚಿದಳು. "ಒಂದು ದಾನಮ್ಮನ ಆಡಿಗಿ. ಮೂರನೇದು ಯಾರಿಗಿ ಬೇಕೋ ಈಗೇ ಕೇಳಿ ಇಡ್ರಿ."

ಲುಂಬಿನಿ ನೆಲವನ್ನೇ ನೋಡುತ್ತಿದ್ದಳು. ತಿಂಗಳಿಡೀ ಒಂದೊಂದೇ ಕ್ಯಾರಿಬ್ಯಾಗ್ ಬೇಡವೆಂದು ಮನೆಮಂದಿಯ ತಲೆ ತಿಂದದ್ದೆಲ್ಲ ಒಂದೇ ದಿನದಲ್ಲಿ ಈ ನೆಲದ ಮೇಲೆ ಹಾಸಿಕೊಂಡಿತ್ತು. ಅದೂ ಅಪ್ಪ ತಾನಾಗಿ ಮಾಡಿದ್ದು ಒಂದೇ. ಉಳಿದೆರಡು ಅವಳೇ ಮಾಡಿಸಿದ್ದು.

"ಇನ್ನೇನು ಕಮ್ಮಿ ಅದ ಹೇಳವ್ವಾ," ಎಂದ ಸಂಘಪಾಲ. ದಿನವಿಡೀ ಓಡಾಡಿ ಅವನ ಅಂಗಿ ಬೆನ್ನಿಗೆ ಅಂಟಿತ್ತು, ದನಿಯಲ್ಲಿ ಮಾತ್ರ ದಣಿವಿರಲಿಲ್ಲ. "ಸಂಕೋಚ ಬ್ಯಾಡ. ನಾಳಿಗಿ ನಮ್ಮ ಪೋರಿದೇ ಎಲ್ಲಾರಕಿಂತ ಛಲೋ ಇರಬೇಕು."

"ಏನಿಲ್ಲಪ್ಪಾ, ಅಕ್ಷರ ಜರಾ ಸಣ್ಣವು..."

"ಆಯ್ತು, ದೊಡ್ಡವು ಮಾಡಿದ್ರಾಯ್ತು!" ಗೂಟದಿಂದ ಕೀಲಿ ತೆಗೆದುಕೊಂಡು ಚಪ್ಪಲಿಗೆ ಕಾಲು ತೂರಿಸಿದ.

ಕರುಣಾಳ ನಾಲಿಗೆಯ ತುದಿಗೆ ಮಾತು ಬಂತು. ಹಲ್ಲು ಕಚ್ಚಿ ತಡೆದಳು. ಮಗಳ ಬೆನ್ನ ಮೇಲೆ ಕೈಯಿಟ್ಟಳು; ತಳ್ಳಲಿಲ್ಲ, ಸುಮ್ಮನೆ ಇಟ್ಟಳು.

ಹೊರಗೆ ಸ್ಕೂಟರ್ ಒಮ್ಮೆ ಕೆಮ್ಮಿತು. ಲುಂಬಿನಿ ತನ್ನದೇ ಮೂರೂ ಮುಖಗಳನ್ನು ತುಳಿದುಕೊಂಡು ಓಡಿ ಹೋಗಿ ಹ್ಯಾಂಡಲ್ ಹಿಡಿದಳು.

"ಅಪ್ಪಾ, ಹೋಗಬ್ಯಾಡ! ಹಲ್ಲು, ಗಿಡ, ಅಕ್ಷರ ಎಲ್ಲಾ ಸುಳ್ಳು." ಉಸಿರು ಎಳೆದುಕೊಂಡಳು. "ಇವು ಯಾವೂ ಒಯ್ಯದೆ ನಾ ಬಟ್ಟಿ ಮ್ಯಾಲ ಬರಕೊಂಡು ಹೋದ್ರ, ನಿನಗ ಬ್ಯಾಸರ ಆಗ್ತದೇನು?"